ಬೆಸುಗೆ ಮುಟ್ಟಿದರೆ ಮೈಲಿಗೆ

ಮಂಗಳೂರಿನಲ್ಲಿ ಹೊಸ ಬಗೆಯ ಮಡಿವಂತಿಕೆಯೊಂದು ಹುಟ್ಟಿಕೊಂಡಿದೆ. ಇದಕ್ಕೆ ಜಾತಿಯಿಲ್ಲ, ಮಠವಿಲ್ಲ, ಪಂಚಾಂಗವಿಲ್ಲ. ಹಳೆಯ ಎಲೆಕ್ಟ್ರಿಕ್ ಗಿಟಾರ್ ಒಂದಿದ್ದರೆ ಸಾಕು. ಅದು ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಒಳಗಿನ ಬೆಸುಗೆಯನ್ನು ಯಾರೂ ಮುಟ್ಟಿರಬಾರದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬದಲಾಯಿಸಿದ್ದೀರಾ, ವೈರ್ ಬದಲಾಯಿಸಿದ್ದೀರಾ, ಕೊನೆಯಪಕ್ಷ ಕಾದ ಕಬ್ಬಿಣವನ್ನು ಹತ್ತಿರ ತಂದಿದ್ದೀರಾ? ಮುಗಿಯಿತು, ಬೆಲೆ ಬಿತ್ತು. ಗಿಟಾರ್ ನುಡಿಯುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ, ಪಾಪ, ಈತನಿಗೆ ವಿಷಯ ತಿಳಿಯದು ಎಂಬಂತೆ ನೋಡುತ್ತಾರೆ.

ಈ ಪಂಥದ ಪರಮಪವಿತ್ರ ವಸ್ತು ಒಂದು ಅಂಟುಚೀಟಿ. ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳ ಪಿಕಪ್ ಒಂದಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದರು. ಒಂದೇ ಸುರುಳಿಯ ಪಿಕಪ್‌ಗೆ ತಂತಿಯ ಕಂಪನದ ಜೊತೆಗೆ ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರುಗಳ ಗುಂಯ್‌ಗುಡುವಿಕೆಯನ್ನೂ ಎಳೆದುಕೊಳ್ಳುವ ಚಾಳಿ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಕೂರಿಸಿದರೆ ಆ ಸದ್ದುಗಳು ಪರಸ್ಪರ ಹೊಡೆದಾಡಿಕೊಂಡು ಸಾಯುತ್ತವೆ, ನಾದ ಉಳಿಯುತ್ತದೆ. ಒಳ್ಳೆಯ ತಲೆ. ಪೇಟೆಂಟ್ ಕೈಗೆ ಸಿಕ್ಕಿದ್ದು 1959ರಲ್ಲಿ. ಅದಕ್ಕೆ ಮುಂಚೆ, ಸಿಕ್ಕಿದ ಮೇಲೂ ಕೆಲವು ವರ್ಷ, ಪಿಕಪ್‌ನ ಬೆನ್ನಿಗೆ ‘ಪೇಟೆಂಟಿಗೆ ಅರ್ಜಿ ಹಾಕಲಾಗಿದೆ’ ಎಂಬ ಪುಟ್ಟ ಕಪ್ಪು ಚೀಟಿ ಅಂಟಿಸುತ್ತಿದ್ದರು. ಇವತ್ತು ಆ ಚೀಟಿಯಿರುವ ಪಿಕಪ್ ಒಂದಕ್ಕೆ ಲಕ್ಷದ ಲೆಕ್ಕದಲ್ಲಿ ಬೆಲೆ. ಅರ್ಜಿ ಹಾಕಲಾಗಿದೆ ಎಂಬುದಕ್ಕೆ ಇಷ್ಟು ಬೆಲೆಯಿದೆ ಎಂದು ಮೊದಲೇ ಗೊತ್ತಿದ್ದರೆ, ಜಾಗದ ದಾಖಲೆಯಾದ ಒಂಬತ್ತು–ಹನ್ನೊಂದು ನಮೂನೆಗೆ ಪಂಚಾಯಿತಿಯ ಮೆಟ್ಟಿಲು ಸವೆಸುತ್ತಿರುವ ನಮ್ಮ ಜಿಲ್ಲೆಯ ಜನರೆಲ್ಲ ಸ್ವೀಕೃತಿ ಪತ್ರ ಮಾರಿಯೇ ಮನೆ ಕಟ್ಟಿಕೊಳ್ಳುತ್ತಿದ್ದರು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮುಂದೆ ಚೀಟಿಯ ಮೇಲೆ ಪೇಟೆಂಟ್ ಸಂಖ್ಯೆಯನ್ನೇ ಅಚ್ಚು ಹಾಕಿದರು: 2,737,842. ತಮಾಷೆಯೆಂದರೆ ಅದು ಪಿಕಪ್‌ನ ಸಂಖ್ಯೆಯಲ್ಲ. ಗಿಟಾರ್ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿದ್ದ, ತಂತಿ ಬಿಗಿಯುವ ಟೇಲ್‌ಪೀಸ್ ಒಂದರ ಸಂಖ್ಯೆ. ಪಹಣಿಯಲ್ಲಿ ನೆರೆಮನೆಯವರ ಸರ್ವೆ ನಂಬರ್ ಬಿದ್ದರೆ ನಾವು ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತೇವೆ. ಇವರು ಆ ಚೀಟಿಯನ್ನೂ ಜೋಪಾನವಾಗಿ ಸಂಗ್ರಹಿಸುತ್ತಾರೆ.

ಆ ಕಾಲದ ಪಿಕಪ್‌ಗಳ ನಾದಕ್ಕೆ ಒಂದು ಮಾಯೆಯಿದೆ ಎನ್ನುತ್ತಾರೆ. ಇರಬಹುದು, ಚೆನ್ನಾಗಿ ನುಡಿಯುವಂಥವನ್ನು ನಾನೂ ಕೇಳಿದ್ದೇನೆ. ಆದರೆ ಮಾಯೆಯ ಮೂಲ ನೋಡಿ. ಕೂದಲಿನಷ್ಟು ತೆಳುವಾದ, 42ನೇ ಗೇಜಿನ ತಾಮ್ರದ ತಂತಿಯನ್ನು ಪ್ರತಿ ಸುರುಳಿಗೂ ಐದು ಸಾವಿರದ ಆಸುಪಾಸು ಸುತ್ತಬೇಕಿತ್ತು, ಎಣಿಕೆ ಮೇಲೆಕೆಳಗಾಗುತ್ತಿತ್ತು. ಅಯಸ್ಕಾಂತವೂ ಅಷ್ಟೆ, ಅಲ್ನಿಕೊ ಎಂಬ ಮಿಶ್ರಲೋಹದಲ್ಲಿ ಆ ದಿನ ಯಾವ ನಮೂನೆ ಕೈಗೆ ಸಿಕ್ಕಿತೋ ಅದು. ಹೀಗಾಗಿ ಒಂದು ಪಿಕಪ್ ಇದ್ದಂತೆ ಇನ್ನೊಂದಿಲ್ಲ. ಅಂದಿನ ಅಂದಾಜಿನ ಕೆಲಸವನ್ನು ಇಂದು ಗಣಕಯಂತ್ರದ ಸಹಾಯದಿಂದ ಕರಾರುವಾಕ್ಕಾಗಿ ನಕಲು ಮಾಡಿ ದುಬಾರಿ ಬೆಲೆಗೆ ಮಾರುವ ಕಂಪನಿಗಳಿವೆ.

ಕೆಪಾಸಿಟರ್‌ನ ಮಹಿಮೆ ಇನ್ನೂ ದೊಡ್ಡದು. ಟೋನ್ ಗುಬುಟನ್ನು ಕೆಳಗೆ ತಿರುಗಿಸಿದಾಗ ಚೂಪು ಸ್ವರಗಳನ್ನು ಭೂಮಿಗಿಳಿಸಿ ನಾದವನ್ನು ಮೆತ್ತಗಾಗಿಸುವುದು ಇದರ ಕೆಲಸ. 0.022 ಮೈಕ್ರೊಫ್ಯಾರಡ್‌ನದು ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. 1950ರ ದಶಕದ, ಮೈಮೇಲೆ ಬಣ್ಣದ ಪಟ್ಟೆಗಳಿರುವ, ‘ಬಂಬಲ್‌ಬೀ’ ಎಂದು ಕರೆಸಿಕೊಳ್ಳುವ ಅದೇ ಮೌಲ್ಯದ ಕೆಪಾಸಿಟರ್‌ಗೆ ಸಾವಿರಾರು ರೂಪಾಯಿ. ಅದನ್ನು ತರಿಸಿಕೊಂಡ ಮಹನೀಯರನ್ನು ನಾನು ಬಲ್ಲೆ. ಅವರು ಟೋನ್ ಗುಬುಟನ್ನು ಅದರ ತುತ್ತತುದಿಯಾದ ಹತ್ತರಿಂದ ಕೆಳಗೆ ಇಳಿಸಿದ್ದನ್ನು ಈ ಜನ್ಮದಲ್ಲಿ ಯಾರೂ ಕಂಡಿಲ್ಲ. ಹತ್ತರಲ್ಲಿ ನಿಂತಾಗ ಆ ಕೆಪಾಸಿಟರ್‌ಗೆ ಹೇಳಿಕೊಳ್ಳುವಂಥ ಕೆಲಸವೇ ಇರುವುದಿಲ್ಲ. ಹಾಗಿದ್ದರೂ ಅದರ ‘ಬೆಚ್ಚಗಿನ ಗುಣ’ ಕೇಳಿಸುತ್ತದೆಯಂತೆ.

ಇವರೆಲ್ಲ ಕೈಮುಗಿಯುವ ದೊಡ್ಡ ವಾದಕರು ಮಾತ್ರ ಇಂಥ ಮಡಿಯನ್ನು ಎಂದೂ ಪಾಲಿಸಲಿಲ್ಲ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನ ಪಿಕಪ್ ಆಯ್ಕೆಯ ಸ್ವಿಚ್ಚಿಗೆ ಮೂರೇ ನಿಲ್ದಾಣಗಳಿದ್ದಾಗ ಅದನ್ನು ನಡುವೆ ಸಿಕ್ಕಿಸಿ ನಿಲ್ಲಿಸಿ, ಎರಡು ಪಿಕಪ್‌ಗಳ ಮಿಶ್ರನಾದ ತೆಗೆದವರು ಅವರು. ಕಂಪನಿ ಐದು ನಿಲ್ದಾಣಗಳ ಸ್ವಿಚ್ ಕೊಟ್ಟದ್ದು 1977ರಲ್ಲಿ. ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಗಿಬ್ಸನ್ ಗಿಟಾರೊಂದರ ಪಿಕಪ್ ಕಿತ್ತು, ಬೇರೊಂದು ಗಿಟಾರಿನ ಮರ ಕೊರೆದು ಕೂರಿಸಿದರು; ಒಂದೇ ಒಂದು ವಾಲ್ಯೂಮ್ ಗುಬುಟು ಇಟ್ಟು ಅದರ ತಲೆಗೆ ‘ಟೋನ್’ ಎಂದು ಬರೆದಿದ್ದ ಟೊಪ್ಪಿ ಹಾಕಿದರು. 2007ರಲ್ಲಿ ಆ ಗಿಟಾರಿನ 300 ನಕಲುಗಳು ತಲಾ 25,000 ಡಾಲರಿಗೆ ಮಾರಾಟಕ್ಕೆ ಬಂದವು. ಸಿಗರೇಟಿನ ಸುಟ್ಟ ಗುರುತುಗಳೂ, ಮೂಲದಲ್ಲಿ ಅಲುಗದಂತೆ ಒತ್ತುಕೊಟ್ಟು ಇಟ್ಟಿದ್ದ 1971ರ ಇಪ್ಪತ್ತೈದು ಸೆಂಟಿನ ನಾಣ್ಯವೂ ಅದರಲ್ಲಿದ್ದವು. ಕೈಗೆ ಬಂದಂತೆ ಕೊರೆದವನ ಕೆಲಸವನ್ನು ಇಂಚೂ ತಪ್ಪದೆ ನಕಲು ಮಾಡಿ, ಇನ್ನು ಇದನ್ನು ಯಾರೂ ಕೊರೆಯಕೂಡದು ಎಂದು ಗಾಜಿನ ಪೆಟ್ಟಿಗೆಯಲ್ಲಿಡುವುದು!

ಹಳೆಯದು ಸಿಗದವರಿಗೆ ಹೊಸದನ್ನೇ ಹಳತು ಮಾಡಿ ಕೊಡುವ ವ್ಯವಸ್ಥೆಯೂ ಇದೆ. ಫೆಂಡರ್‌ನ ಕ್ಯಾಲಿಫೋರ್ನಿಯಾದ ಕಸ್ಟಮ್ ಶಾಪ್ ಎಂಬ ವಿಶೇಷ ಕಾರ್ಯಾಗಾರ 1995ರಿಂದಲೇ ಬಣ್ಣ ಕೆರೆದು, ಲೋಹ ಮಂಕಾಗಿಸಿ, ಹೊಸ ಗಿಟಾರಿಗಿಂತ ಹೆಚ್ಚಿನ ಬೆಲೆಗೆ ಮಾರುತ್ತಿದೆ. ಇಲ್ಲೇ ನಮ್ಮ ಕರಾವಳಿಗೆ ಅನ್ಯಾಯವಾಗಿರುವುದು. ತುಕ್ಕಿನ ವಿಷಯದಲ್ಲಿ ಪಣಂಬೂರಿಗೆ, ಮಲ್ಪೆಗೆ ಕ್ಯಾಲಿಫೋರ್ನಿಯಾದವರು ಪಾಠ ಹೇಳಬೇಕೇ? ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಹನ್ನೆರಡು ತಿಂಗಳೂ ಉಪ್ಪುಗಾಳಿ. ಗೇಟು, ಗ್ರಿಲ್ಲು, ಸ್ಕೂಟರು, ಫ್ರಿಜ್ಜಿನ ಬುಡ, ಯಾವುದನ್ನೂ ಬಿಡದ ಕೈಚಳಕ ಅದು. ತಣ್ಣೀರುಬಾವಿಯ ಗಾಳಿಮರಗಳ ಕೆಳಗೆ ಒಂದು ಚಪ್ಪರ ಹಾಕಿ ಗಿಟಾರುಗಳನ್ನು ಸಾಲಾಗಿ ನೇತುಹಾಕಿದರೆ, ಜೂನ್‌ನಿಂದ ಚೌತಿಯವರೆಗೆ ಇಟ್ಟದ್ದು ‘ಲಘು ಬಳಕೆ’, ದೀಪಾವಳಿಯವರೆಗೆ ಇಟ್ಟದ್ದು ‘1962’. ಎರಡು ಮಳೆಗಾಲ ಬಿಟ್ಟರೆ ಪಿಕಪ್ ಸದ್ದೇ ಮಾಡದು. ಅದು ‘ಮ್ಯೂಸಿಯಂ ದರ್ಜೆ’. ಉಡುಪಿ ಮಲ್ಲಿಗೆಗೂ ಮಟ್ಟುಗುಳ್ಳಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿರುವಾಗ ಕರಾವಳಿಯ ತುಕ್ಕಿಗೆ ಏಕೆ ಸಿಗಬಾರದು? ಜನಪ್ರತಿನಿಧಿಗಳು ಗಮನ ಹರಿಸಬೇಕು. ಯೋಜನೆಗೆ ಬೇಕಾದ ಕಚ್ಚಾವಸ್ತು ಅವರ ಉದ್ಘಾಟನಾ ಫಲಕಗಳಲ್ಲೇ ಧಾರಾಳವಾಗಿದೆ.

ಬೆಂದೂರಿನ ಕಡೆ ಒಬ್ಬರಿದ್ದಾರೆ, ಕೊಲ್ಲಿಯಲ್ಲಿ ದುಡಿದು ಬಂದವರು. ಅವರ ಅಜ್ಜನ ಹಂಚಿನ ಮನೆಗೆ ನೂರು ವರ್ಷ ಮೀರಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಇದೇ ಊರಲ್ಲಿ ಶುರುಮಾಡಿದ ಕಾರ್ಖಾನೆಯ ಮೊಹರು ಹೊತ್ತ ಹಂಚುಗಳು, ಒಂದೇ ಹಲಸಿನ ಮರದಿಂದ ತೆಗೆದ ಕಂಬಗಳು. ಜೆಸಿಬಿ ಅದನ್ನು ಎರಡು ದಿನದಲ್ಲಿ ಮುಗಿಸಿತು. ಹಂಚು, ಕಂಬಗಳನ್ನು ಯಾರೋ ರೆಸಾರ್ಟಿನವರು ಲಾರಿಯಲ್ಲಿ ಒಯ್ದರು. ಈಗ ಅಲ್ಲಿ ಎದ್ದಿರುವ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ತೇವಾಂಶ ಅಳೆಯುವ ಯಂತ್ರವಿರುವ ಕೋಣೆಯೊಳಗೆ, ಅವರ 1964ರ ಸ್ಟ್ರಾಟೊಕ್ಯಾಸ್ಟರ್ ಇದೆ. ವಾಲ್ಯೂಮ್ ಗುಬುಟಿನ ಕೆಳಗಿರುವ, ಪಾಟ್ ಎಂಬ ಬಿಡಿಭಾಗದ ಬೆನ್ನ ಮೇಲೆ 304-6412 ಎಂದು ಕೊರೆದಿದೆ: ಸ್ಟ್ಯಾಕ್‌ಪೋಲ್ ಕಂಪನಿ, 64ನೇ ಇಸವಿ, 12ನೇ ವಾರ. ಪಾಟ್ ಹುಟ್ಟಿದ ವಾರ ಅವರಿಗೆ ಬಾಯಿಪಾಠ. ಅಜ್ಜ ಹುಟ್ಟಿದ ವರ್ಷ ಕೇಳಿದರೆ ಚಿಕ್ಕಪ್ಪನಿಗೆ ಫೋನ್ ಮಾಡುತ್ತಾರೆ.

ಆ ಗಿಟಾರ್, ಮದುವೆಗೆ ಮುಂಚಿನ ಒಂದು ರೋಸಿನ ಸಂಜೆ ವೇದಿಕೆಯ ಮೇಲೆ ಕರಕರ ಎನ್ನತೊಡಗಿತು. ಹಿಂದಿನ ಎಲ್‌ಇಡಿ ಪರದೆಯಿಂದ ಎಳೆದುಕೊಂಡ ಗುಂಯ್ ಬೇರೆ. ಊಟದ ಸಾಲಿನಲ್ಲಿದ್ದವರಿಗೆ ಎರಡೂ ಕೇಳಿಸಲಿಲ್ಲ ಎಂಬುದು ಬೇರೆ ಮಾತು. ಮರುದಿನ ಮಾಲೀಕರು ಹಂಪನಕಟ್ಟೆಯ ಹಿಂದಿನ ಓಣಿಯ ಮುದಿ ರೇಡಿಯೊ ಮೆಕ್ಯಾನಿಕರ ಬಳಿಗೆ ಬಂದರು. ಷರತ್ತು ಒಂದೇ: ಬೆಸುಗೆ ಮುಟ್ಟಬಾರದು. ಮೆಕ್ಯಾನಿಕ್ ಗಿಟಾರಿನ ಎದೆಯ ಮುಚ್ಚಳವಾದ ಪಿಕ್‌ಗಾರ್ಡ್ ಎತ್ತಿ ನೋಡಿದರು. ಬಟ್ಟೆ ಸುತ್ತಿದ ವೈರುಗಳು, ಮಂಕಾದ ಬೆಸುಗೆಯ ಗಡ್ಡೆಗಳು, ಒಂದು ಕಡೆ ಹಸಿರು ಕಿಲುಬು. ಪಾಟ್‌ನ ಸಂದಿಗೆ ಒಂದಿಷ್ಟು ಕ್ಲೀನರ್ ಹೊಡೆದು ಗುಬುಟನ್ನು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದರು. ಕರಕರ ನಿಂತಿತು. ನೂರೈವತ್ತು ರೂಪಾಯಿ. ಒಳಗಿದ್ದ 1964ರ ಧೂಳು ತೊಳೆದುಹೋಯಿತೇ ಎಂದು ಮಾಲೀಕರು ಸಣ್ಣ ದನಿಯಲ್ಲಿ ವಿಚಾರಿಸಿದರು. ಬಿಲ್ ಬೇಡವೆಂದರು, ಬಿಚ್ಚಿದ್ದಕ್ಕೆ ಸಾಕ್ಷಿ ಉಳಿಯಬಾರದಲ್ಲ.

ಮುಚ್ಚುವಾಗ ಹನ್ನೊಂದು ಸ್ಕ್ರೂಗಳಲ್ಲಿ ಒಂದರ ತಲೆ ತುಕ್ಕಿನಿಂದ ಮುರಿಯಿತು. ಮೆಕ್ಯಾನಿಕ್ ತಗಡಿನ ಡಬ್ಬಿಯಲ್ಲಿ ಬೆರಳಾಡಿಸಿ ಅದೇ ಅಳತೆಯದೊಂದನ್ನು ಹುಡುಕಿ ಬಿಗಿದರು. “ಹೆದರಬೇಡಿ ಮಾರಾಯರೇ, ಇದು ಐವತ್ತೆಂಟನೇ ಇಸವಿಯ ವಾಲ್ವ್ ರೇಡಿಯೊದ್ದು. ನಿಮ್ಮ ಗಿಟಾರಿಗಿಂತ ಹಿರಿಯ.” ಅಂದಿನಿಂದ ಮಾಲೀಕರು ಅಮೆರಿಕದ ಅಂಗಡಿಗಳಿಗೆ ಪತ್ರ ಬರೆಯುತ್ತಿದ್ದಾರೆ: 1964ರ ಸ್ಕ್ರೂ ಒಂದು ಬೇಕು, ತುಕ್ಕು ಹಿಡಿದದ್ದೇ ಆಗಬೇಕು.