ರಸ್ತೆ ಬದಿ ಸುಡುತ್ತಿರುವ ಸಿಪ್ಪೆ ಮತ್ತು ಬೆಂಗಳೂರಿನ ಹೈಡ್ರೋಜನ್

ಈಗ ಅಡಿಕೆ ಸುಗ್ಗಿ. ಚನ್ನಗಿರಿ ಸೀಮೆಯವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ರಸ್ತೆಯ ಎರಡೂ ಬದಿ ಸಿಪ್ಪೆ ರಾಶಿ, ರಾಶಿಗೆ ಬೆಂಕಿ. ಅದು ಧಗಧಗ ಉರಿಯುವ ಬೆಂಕಿಯಲ್ಲ. ಮೇಲೆ ಬೂದಿ, ಒಳಗೆ ಕೆಂಡ, ಮೂರು ನಾಲ್ಕು ದಿನ ಹಾಗೇ ಹೊಗೆಯಾಡುತ್ತಿರುತ್ತದೆ. ಬೆಳಗಿನ ಮಂಜಿಗೆ ಆ ಹೊಗೆ ಸೇರಿದರೆ ಹತ್ತು ಮಾರು ಮುಂದಿನ ಟ್ರ್ಯಾಕ್ಟರ್ ಕಾಣುವುದಿಲ್ಲ. ಶಾಲೆ ಮುಟ್ಟುವಷ್ಟರಲ್ಲಿ ನನ್ನ ಕಣ್ಣು ಕೆಂಪಾಗಿರುತ್ತದೆ. ಸೈಕಲ್‌ನಲ್ಲಿ ಬರುವ ಮಕ್ಕಳ ಕಣ್ಣೂ ಅಷ್ಟೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವಾರ ಒಂಬತ್ತನೇ ಕ್ಲಾಸಿನಲ್ಲಿ ನೀರನ್ನು ಒಡೆಯುವ ಪ್ರಯೋಗ ಮಾಡಿದೆವು. ಒಂದು ಗಾಜಿನ ಲೋಟ, ಎರಡು ಕಡೆ ಚೂಪು ಮಾಡಿದ ಎರಡು ಪೆನ್ಸಿಲ್, ಚಿಟಿಕೆ ಅಡುಗೆ ಸೋಡಾ, 9 ವೋಲ್ಟಿನ ಒಂದು ಬ್ಯಾಟರಿ. ತಂತಿ ಮುಟ್ಟಿಸಿದ ತಕ್ಷಣ ಪೆನ್ಸಿಲ್ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳಲು ಶುರುವಾದವು. ಒಂದು ಪೆನ್ಸಿಲ್ ಹತ್ತಿರ ಜಾಸ್ತಿ, ಇನ್ನೊಂದರ ಹತ್ತಿರ ಕಡಿಮೆ. ಜಾಸ್ತಿ ಬರುವುದು ಹೈಡ್ರೋಜನ್, ಸ್ವಚ್ಛ ಇಂಧನ ಅಂತ ಈಗ ಎಲ್ಲರೂ ಹೇಳುವ ಅನಿಲ. ಮಕ್ಕಳು ಲೋಟಕ್ಕೆ ಮೂಗು ತಾಗಿಸಿಕೊಂಡು ಕೂತಿದ್ದರು. ಪೀರಿಯಡ್ ಮುಗಿಯುವ ಹೊತ್ತಿಗೆ ಬ್ಯಾಟರಿ ಸೊರಗಿ ಗುಳ್ಳೆ ನಿಂತೇ ಹೋಯಿತು. ಅಷ್ಟು ಹೊತ್ತು ಸೇರಿದ ಹೈಡ್ರೋಜನ್ ಒಂದು ಚಮಚ ತುಂಬುವಷ್ಟೂ ಇರಲಿಲ್ಲ.

ಆ ಬ್ಯಾಟರಿ ನಿಂತದ್ದರಲ್ಲೇ ಹೈಡ್ರೋಜನ್ನಿನ ಅರ್ಧ ಕಥೆ ಇದೆ. ನೀರಿನಿಂದ ಒಂದು ಕಿಲೋ ಹೈಡ್ರೋಜನ್ ತೆಗೆಯಲು ಸುಮಾರು 50ರಿಂದ 55 ಯೂನಿಟ್ ಕರೆಂಟ್ ಬೇಕು. ಆ ಒಂದು ಕಿಲೋದಿಂದ ನಮಗೆ ಸಿಗುವ ಶಕ್ತಿ ಸುಮಾರು 33 ಯೂನಿಟ್. ಅಂದರೆ ಹೈಡ್ರೋಜನ್ ನೆಲದಿಂದ ಎತ್ತಿ ತುಂಬಿಕೊಳ್ಳುವ ಪೆಟ್ರೋಲ್ ಥರ ಅಲ್ಲ. ಖರ್ಚು ಮಾಡಿ ಮಾಡಿಕೊಳ್ಳಬೇಕಾದ ವಸ್ತು. ಇವತ್ತು ಪ್ರಪಂಚದ ಕಾರ್ಖಾನೆಗಳು ಬಳಸುವ ಹೈಡ್ರೋಜನ್ನಿನ ಬಹುಪಾಲು ಬರುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲದಿಂದ ಒಂದು ಕಿಲೋ ತೆಗೆದರೆ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅದನ್ನು ಸ್ವಚ್ಛ ಇಂಧನ ಅನ್ನಲು ಆಗುತ್ತದಾ?

ಇನ್ನೊಂದು ದಾರಿ ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ ಅಲ್ಲಿ, ಪ್ರೊಫೆಸರ್ ಎಸ್. ದಾಸಪ್ಪ ಅವರ ತಂಡ ಜೀವರಾಶಿಯಿಂದ, ಅಂದರೆ ಕಟ್ಟಿಗೆಯಂಥ ಗಿಡಮರದ ವಸ್ತುವಿನಿಂದ, ಹೈಡ್ರೋಜನ್ ತೆಗೆಯುವ ವಿಧಾನ ಕಂಡುಕೊಂಡಿದೆ. 2022ರಲ್ಲಿ ಸಂಸ್ಥೆ ಇದನ್ನು ಪ್ರಕಟಿಸಿತು. ವಿಧಾನ ಹೀಗಿದೆ. ಒಣ ಜೀವರಾಶಿಯನ್ನು ಪೂರ್ತಿ ಉರಿಯಲು ಬಿಡುವುದಿಲ್ಲ. ಗಾಳಿಯ ಬದಲು ಅಳೆದಷ್ಟು ಆಮ್ಲಜನಕ, ಜೊತೆಗೆ ಬಿಸಿ ಹಬೆ ಕೊಡುತ್ತಾರೆ. ಅದು ಹೈಡ್ರೋಜನ್ ತುಂಬಿದ ಅನಿಲವಾಗುತ್ತದೆ. ಆಮೇಲೆ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಇನ್ನೊಂದು ಘಟಕ ಅದರಿಂದ ಹೈಡ್ರೋಜನ್ನನ್ನು ಬೇರೆ ಮಾಡುತ್ತದೆ.

ನನಗೆ ತುಂಬ ಹಿಡಿಸಿದ ವಿಷಯ ಅದರ ಲೆಕ್ಕ. ಒಂದು ಕಿಲೋ ಜೀವರಾಶಿಯೊಳಗೆ ಇರುವ ಹೈಡ್ರೋಜನ್ 60 ಗ್ರಾಂ. ಇವರಿಗೆ ಸಿಗುವುದು 100 ಗ್ರಾಂ. ಮಿಕ್ಕಿದ್ದು ಎಲ್ಲಿಂದ? ಹಬೆಯಿಂದ. ನೀರು ಇಲ್ಲೂ ಒಡೆಯುತ್ತದೆ, ಆದರೆ ಬ್ಯಾಟರಿಯಿಂದಲ್ಲ, ಕೆಂಡದ ಕಾವು ಮತ್ತು ಅದರೊಳಗಿನ ಇಂಗಾಲದಿಂದ. ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವಾಗ ನನ್ನ ದನಿಯೇ ಏರಿತ್ತು.

ಫ್ಯೂಯೆಲ್ ಸೆಲ್ ಅಂದರೆ ಹೈಡ್ರೋಜನ್ನಿನಿಂದ ಕರೆಂಟ್ ಮಾಡುವ ಸಾಧನ. ಅದನ್ನು ಕೂರಿಸಿದ ಬಸ್ಸು ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ಓಡುತ್ತದೆ. ಚನ್ನಗಿರಿಯಿಂದ ದಾವಣಗೆರೆಗೆ ಒಂದು ಟ್ರಿಪ್ಪಿಗೆ ಐದು ಕಿಲೋ ಸಾಕಾಗಬಹುದು. ಅಷ್ಟಕ್ಕೆ ಬೇಕಾಗುವುದು ಐವತ್ತು ಕಿಲೋ ಆಸುಪಾಸು ಒಣ ಜೀವರಾಶಿ. ನಮ್ಮ ಶಾಲೆಯ ತಿರುವಿನಲ್ಲೇ ಅದರ ಎಷ್ಟೋ ಪಟ್ಟು ಸಿಪ್ಪೆ ಹೊಗೆಯಾಡುತ್ತಾ ಬಿದ್ದಿದೆ.

ಆದರೆ ಈ ಲೆಕ್ಕ ಹಾಕಿ ಕುಣಿಯುವಂತಿಲ್ಲ. ಕಟ್ಟಿಗೆ ಬೇರೆ, ಅಡಿಕೆ ಸಿಪ್ಪೆ ಬೇರೆ. ಸಿಪ್ಪೆ ಹತ್ತಿಯ ಹಾಗೆ ಹಗುರ, ಟ್ರ್ಯಾಕ್ಟರ್ ತುಂಬಿದರೂ ತೂಕ ಬರುವುದಿಲ್ಲ. ಸುಲಿದಾಗ ಪೂರ್ತಿ ಹಸಿ. ಒಣಗಿಸಬೇಕು, ಒತ್ತಿ ಇಟ್ಟಿಗೆ ಮಾಡಬೇಕು. ಅನಿಲದ ಜೊತೆ ಬರುವ ಟಾರನ್ನು ತೆಗೆಯಬೇಕು. ಇನ್ನು ಬಸ್ಸಿನೊಳಗಿನ ಫ್ಯೂಯೆಲ್ ಸೆಲ್ ಅಂತೂ ಬಹಳ ನಾಜೂಕು. ಅದಕ್ಕೆ ಕೊಡುವ ಹೈಡ್ರೋಜನ್ ನೂರಕ್ಕೆ 99.97ರಷ್ಟು ಶುದ್ಧ ಇರಬೇಕು. ಕಾರ್ಬನ್ ಮಾನಾಕ್ಸೈಡ್ ಐವತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಜಾಸ್ತಿ ಸೇರಿದರೆ ಒಳಗಿನ ಪ್ಲಾಟಿನಂ ಕೆಲಸ ನಿಧಾನ ಮಾಡುತ್ತದೆ. ಜೀವರಾಶಿಯಿಂದ ಬರುವ ಅನಿಲದಲ್ಲಿ ಅದೇ ಮಾನಾಕ್ಸೈಡ್ ಧಾರಾಳ ಇರುತ್ತದೆ.

ಹಾಗಾಗಿ ಇದು ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಅನಿಲ ತೆಗೆಯುವ ಒಲೆಯವರಿಗೆ ಬಸ್ಸಿನವರ ಕಷ್ಟ ಗೊತ್ತಿರಬೇಕು. ಬಸ್ಸಿನವರಿಗೆ ಸಿಪ್ಪೆಯ ಗುಣ ಗೊತ್ತಿರಬೇಕು. ಟಾಟಾ ಇನ್‌ಸ್ಟಿಟ್ಯೂಟಿನವರು ಇಂಡಿಯನ್ ಆಯಿಲ್ ಜೊತೆ ಸೇರಿ ದಿನಕ್ಕೆ 250 ಕಿಲೋ ಹೈಡ್ರೋಜನ್ ಮಾಡುವ ಮಟ್ಟಕ್ಕೆ ಒಯ್ಯಲು ಹೊರಟಿದ್ದು ಇದಕ್ಕೇ. 2022ರ ಆಗಸ್ಟಿನಲ್ಲಿ ಪುಣೆಯಲ್ಲಿ ಓಡಿಸಿ ತೋರಿಸಿದ ದೇಶಿ ಫ್ಯೂಯೆಲ್ ಸೆಲ್ ಬಸ್ಸಿನ ಹಿಂದೆಯೂ ಸರ್ಕಾರಿ ಲ್ಯಾಬು ಮತ್ತು ಕಂಪನಿ ಎರಡೂ ಇದ್ದವು, ಸಿಎಸ್‌ಐಆರ್ ಮತ್ತು ಕೆಪಿಐಟಿ. ಇಂಥ ಸುದ್ದಿ ಓದಿದಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ.

ಆದರೂ ಒಂದು ಕುರ್ಚಿ ಖಾಲಿ ಇದೆ ಅಂತ ನನಗೆ ಅನಿಸುತ್ತದೆ. ಸಿಪ್ಪೆ ಯಾರ ಕೈಯಲ್ಲಿದೆಯೋ ಅವರದ್ದು.

ಇದು ನಮಗೆ ಹೊಸ ಪಾಠ ಅಲ್ಲ. 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಆಸ್ತ್ರ ಅನ್ನುವ ಘಟಕ ಶುರು ಮಾಡಿದರು. ವಿಜ್ಞಾನ ಹಳ್ಳಿಗೆ ಹೋಗಬೇಕು ಅನ್ನುವುದು ಅವರ ಹಟ. ಕುಣಿಗಲ್ ಕಡೆಯ ಪುರ ಅನ್ನುವ ಊರಿನಲ್ಲಿ ಮೊದಲು ಸಗಣಿ ಗ್ಯಾಸಿನಿಂದ ಅಡುಗೆ ಮಾಡಿಸಲು ನೋಡಿದರು. ಅದು ನಡೆಯಲಿಲ್ಲ. ಎಲ್ಲರ ಒಲೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಸೌದೆ ಹೇಗೋ ಸಿಗುತ್ತಿತ್ತು. ಊರಿನವರಿಗೆ ಬೇಕಿದ್ದದ್ದು ಕುಡಿಯುವ ನೀರು. ಆಗ ತಂಡ ದಿಕ್ಕು ಬದಲಿಸಿತು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ 1987ರ ಹೊತ್ತಿಗೆ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋ ಲೆಕ್ಕದಲ್ಲಿ ಪೈಸೆ ಸಿಗುತ್ತಿತ್ತು. ಗ್ಯಾಸ್ ತೆಗೆದ ಮೇಲಿನ ಗೊಬ್ಬರವೂ ವಾಪಸ್ ಸಿಗುತ್ತಿತ್ತು. ಸಗಣಿ ಕಡಿಮೆಯಾದರೆ ಇಡೀ ಊರಿನ ನೀರು ನಿಲ್ಲುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಅದೇ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ ಗ್ಯಾಸಿಫೈಯರ್, ಅಂದರೆ ಕಟ್ಟಿಗೆಯನ್ನು ಉರಿಯುವ ಅನಿಲ ಮಾಡುವ ಯಂತ್ರ, ಕೂರಿಸಿದರು. ಬರೀ 3.7 ಕಿಲೋವ್ಯಾಟ್. ಆಮೇಲೆ 20 ಕಿಲೋವ್ಯಾಟಿಗೆ ಏರಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು ಎಲ್ಲ ಅದರಿಂದಲೇ. ಅದಕ್ಕೆ ಬೇಕಾದ ಕಟ್ಟಿಗೆಗೆ ಅಂತಲೇ ಮರ ಬೆಳೆಸಿದರು. ಹತ್ತು ವರ್ಷ ಮೀರಿ ಓಡಿದ ಕೆಲಸ ಅದು. ಇವತ್ತು ಹೈಡ್ರೋಜನ್ ಕೊಡುತ್ತಿರುವ ರಿಯಾಕ್ಟರ್ ಅದೇ ಸಂಸ್ಥೆಯ ಗ್ಯಾಸಿಫೈಯರ್ ಕೆಲಸದ ಮುಂದುವರಿಕೆ.

ಯಂತ್ರವಿದ್ದರೆ ಸಾಲದು, ಕೊಳ್ಳುವವರೂ ಬೇಕು. ಎಥೆನಾಲ್ ನೋಡಿ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಕಬ್ಬಿನ ಕಾರ್ಖಾನೆ ಇತ್ತು, ಕೊಳ್ಳುವವರಿದ್ದರು, ಮುಂಚೆಯೇ ಗೊತ್ತಿರುವ ಬೆಲೆ ಇತ್ತು. ಕಬ್ಬಿಗೆ ಹಿಡಿಯುವ ನೀರಿನ ಬಗ್ಗೆ ನನಗೆ ತಕರಾರಿದೆ, ಅದು ಬೇರೆ ಮಾತು. ಅದೇ ಹೊಂಗೆ ಎಣ್ಣೆಯ ಗತಿ ಏನಾಯಿತು? ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಜೈವಿಕ ಇಂಧನ ಪಾರ್ಕನ್ನೇ ಮಾಡಿದರು. ಒಳ್ಳೆಯ ಕೆಲಸ. ನಾನೂ ಬದುವಿನ ಮೇಲೆ ಹನ್ನೊಂದು ಹೊಂಗೆ ಗಿಡ ನೆಟ್ಟಿದ್ದೆ. ಬೀಜ ಬಿಡುವ ಹೊತ್ತಿಗೆ ಕೊಳ್ಳುವವರು ನಮ್ಮ ಕಡೆ ಯಾರೂ ಬರಲಿಲ್ಲ. ಈಗ ನೆರಳಿಗೆ, ಹಸಿರೆಲೆ ಗೊಬ್ಬರಕ್ಕೆ ಬಳಸುತ್ತೇವೆ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು, ಅಂದರೆ ಇಂಗಾಲದ ಹೊಗೆ ತೀರ ಕಡಿಮೆ ಇರುವ, ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಅನ್ನುವುದು ಗುರಿ. ಅದರಲ್ಲಿ ಸಂಶೋಧನೆಗೆ ಇಟ್ಟದ್ದು 400 ಕೋಟಿ. ನೂರು ರೂಪಾಯಿಗೆ ಎರಡು ರೂಪಾಯಿ. ಇದು ಸಾಲದು. ದೊಡ್ಡ ಕಾರ್ಖಾನೆಗಳಿಗೆ ಪ್ರೋತ್ಸಾಹ ಬೇಡ ಅನ್ನುತ್ತಿಲ್ಲ. ತೋರಣಗಲ್ಲಿನ ಉಕ್ಕಿಗೆ, ಪಣಂಬೂರಿನ ಗೊಬ್ಬರಕ್ಕೆ ಸ್ವಚ್ಛ ಹೈಡ್ರೋಜನ್ ಬೇಕೇ ಬೇಕು, ಅಲ್ಲಿ ಬ್ಯಾಟರಿ ಕೆಲಸಕ್ಕೆ ಬರುವುದಿಲ್ಲ. ಕಾರು, ಸ್ಕೂಟರಿಗೆ ಮಾತ್ರ ಹೈಡ್ರೋಜನ್ ದಂಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಕರೆಂಟನ್ನು ನೇರ ಬ್ಯಾಟರಿಗೆ ತುಂಬುವುದೇ ಲಾಭ. ದೂರ ಓಡುವ ಬಸ್ಸು, ಲಾರಿ, ಉಕ್ಕು, ಗೊಬ್ಬರ, ಇವಿಷ್ಟಕ್ಕೆ ಇಟ್ಟುಕೊಳ್ಳೋಣ.

ನಾನು ಕೇಳುವುದು ಇಷ್ಟೇ. ಅಡಿಕೆ ಸಿಪ್ಪೆಯ ಮೇಲೆ ಒಂದು ಜಂಟಿ ಸಂಶೋಧನೆ ಇಲ್ಲೇ ಆಗಲಿ. ಟಾಟಾ ಇನ್‌ಸ್ಟಿಟ್ಯೂಟ್ ಇರಲಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಇರಲಿ, ಬಸ್ಸಿನ ನಿಗಮ ಇರಲಿ. ಜೊತೆಗೆ ಮೊದಲ ದಿನದಿಂದಲೇ ತುಮ್ಕೋಸ್, ಮ್ಯಾಮ್ಕೋಸ್ ಥರದ ಬೆಳೆಗಾರರ ಸೊಸೈಟಿಗಳು ಕೂರಲಿ. ಯಂತ್ರ ತಯಾರಾದ ಮೇಲೆ ಕರೆದು ಊಟ ಹಾಕಿಸಿ ಕಳಿಸುವುದಲ್ಲ. ಸಿಪ್ಪೆ ಒಣಗಿಸುವ ಕೂಲಿ ಯಾರು ಕೊಡುತ್ತಾರೆ, ಕಿಲೋಗೆ ಎಷ್ಟು, ಮಳೆಗಾಲದಲ್ಲಿ ಎಲ್ಲಿ ಇಡುವುದು, ಈ ಪ್ರಶ್ನೆಗಳು ಟಾರ್ ತೆಗೆಯುವಷ್ಟೇ ದೊಡ್ಡ ಸಂಶೋಧನೆ. ಪ್ರಯೋಗ ಸೋತರೆ ಅದನ್ನೂ ಕನ್ನಡದಲ್ಲಿ ಬರೆದು ಹಾಕಲಿ. ದುಡ್ಡು ನಮ್ಮದೇ ಅಲ್ವಾ?

ಸಿಪ್ಪೆ ತೋಟಕ್ಕೇ ಹೋಗಬೇಕು ಅಂತ ಕೆಲವು ಗೆಳೆಯರು ಹೇಳುತ್ತಾರೆ. ಸರಿ ಇದೆ. ಕೊಳೆಸಿ ಗೊಬ್ಬರ ಮಾಡುವವರು ಮಾಡಲಿ, ಅವರ ಸಿಪ್ಪೆ ಮುಟ್ಟುವುದು ಬೇಡ. ನಾನು ಮಾತಾಡುತ್ತಿರುವುದು ಚರಂಡಿಗೆ ಸುರಿದು ಬೆಂಕಿ ಇಡುವ ಸಿಪ್ಪೆಯ ಬಗ್ಗೆ. ಗ್ಯಾಸಿಫೈಯರಿನಲ್ಲಿ ಉಳಿಯುವ ಬೂದಿ, ಇದ್ದಿಲು ಮತ್ತೆ ತೋಟಕ್ಕೇ ಬರಬಹುದು.

ಆ ಸಿಪ್ಪೆ ಎಷ್ಟಿದೆ ಅಂತ ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಖೇಣಿ ಹಿಡಿದವರ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಪಡೆದವರ, ಸುಲಿಯುವ ಯಂತ್ರದ ಹತ್ತಿರ ಹೋಗಿ ಕೇಳಿದೆ. ಯಂತ್ರ ನಡೆಸುವ ಹುಡುಗ ನಕ್ಕ. ಅಡಿಕೆ ತೂಗ್ತೀವಿ ಸಾರ್, ಸಿಪ್ಪೆ ಯಾರು ತೂಗ್ತಾರೆ ಅಂದ. ಲೋಡಾದರೂ ಎಣಿಸಪ್ಪ ಅಂದೆ. ಸೀಮೆಸುಣ್ಣದ ಒಂದು ತುಂಡು ಕೊಟ್ಟು ಬಂದೆ. ಇವತ್ತು ಸಂಜೆ ಹೋಗಿ ನೋಡಿದರೆ ಶೆಡ್ಡಿನ ತಗಡಿನ ಮೇಲೆ ಐದೈದರ ಗುಂಪು ಮಾಡಿ ಗೀಟು ಎಳೆದಿದ್ದಾನೆ. ಐದು ದಿನಕ್ಕೆ 23 ಟ್ರ್ಯಾಕ್ಟರ್. ಒಂದೇ ಯಂತ್ರದ್ದು.