ಸಕ್ಕರೆ ಬಿಟ್ಟವರ ಸಿಹಿಸುದ್ದಿ

ಕರ್ನಾಟಕದಲ್ಲಿ ಈಗ ಯಾರೂ ಸಕ್ಕರೆ ತಿನ್ನುವುದಿಲ್ಲ. ನಂಬಿಕೆ ಬಾರದಿದ್ದರೆ ಯಾವುದಾದರೂ ಮದುವೆಮನೆಯ ಪಂಕ್ತಿಯಲ್ಲಿ ಕೂತು ವಿಚಾರಿಸಿ. ಎಡಗಡೆಯವರು ಹೋದ ಯುಗಾದಿಗೆ ಬಿಟ್ಟರು, ಬಲಗಡೆಯವರು ಬಿಪಿ ಮಾತ್ರೆ ಶುರುವಾದಾಗ ಬಿಟ್ಟರು, ಜಿಲೇಬಿ ಬಡಿಸುತ್ತಿರುವ ಹುಡುಗ ಜಿಮ್ಮಿಗೆ ಸೇರಿದ ದಿನವೇ ಬಿಟ್ಟ. ಆದರೂ ಉತ್ತರ ಪ್ರದೇಶ, ಮಹಾರಾಷ್ಟ್ರಗಳ ನಂತರ ದೇಶದಲ್ಲಿ ಹೆಚ್ಚು ಸಕ್ಕರೆ ತಯಾರಿಸುವ ರಾಜ್ಯ ನಮ್ಮದೇ. ಹಂಗಾಮು ಶುರುವಾದರೆ ಸಾಕು, ಬೆಳಗಾವಿ, ಬಾಗಲಕೋಟೆ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟು ಬೇರೆ ಗಾಡಿಗೆ ದಾರಿಯಿಲ್ಲ. ಅಷ್ಟೂ ಸಕ್ಕರೆಯನ್ನು ತಿಂದು ಮುಗಿಸುತ್ತಿರುವವರು ಯಾರು? ನನಗಂತೂ ಇರುವೆಗಳ ಮೇಲೆ ಅನುಮಾನ.

ನಮ್ಮವರು ಬಿಟ್ಟದ್ದು ಸಕ್ಕರೆಯನ್ನು, ಸಿಹಿಯನ್ನಲ್ಲ. ಇವೆರಡರ ನಡುವಿನ ಅಂತರದಲ್ಲಿ ಒಂದು ದೊಡ್ಡ ಮಾರುಕಟ್ಟೆಯೇ ಎದ್ದು ನಿಂತಿದೆ. ಅದರ ಗರ್ಭಗುಡಿಯಲ್ಲಿ ಕೂತಿರುವುದು ಬೆಲ್ಲ.

ಅಜ್ಜಿಯಂದಿರ ಕಾಲದಲ್ಲಿ ಬೆಲ್ಲದ ಕಾಫಿ ಮನೆಯವರಿಗೆ, ಸಕ್ಕರೆ ಕಾಫಿ ನೆಂಟರಿಗೆ. ಬೀಗರು ಬರುತ್ತಾರೆಂದರೆ ಹುಡುಗನನ್ನು ಹಿಂಬಾಗಿಲಿನಿಂದ ಅಂಗಡಿಗೆ ಓಡಿಸಿ ಸಕ್ಕರೆ ತರಿಸುತ್ತಿದ್ದರು, ಮರ್ಯಾದೆ ಪ್ರಶ್ನೆ. ಈಗ ಅದೇ ಬೀಗರಿಗೆ ಸಕ್ಕರೆ ಕಾಫಿ ಕೊಟ್ಟರೆ, ‘ನಮ್ಮನ್ನ ಸಾಯಿಸಬೇಕು ಅಂತಿದ್ದೀರಾ ಹೇಗೆ?’ ಎಂದು ಲೋಟ ಪಕ್ಕಕ್ಕೆ ಸರಿಸುತ್ತಾರೆ. ಮನೆಯವರಿಗೆ ಸಾಕೆನಿಸಿಕೊಂಡಿದ್ದ ಬೆಲ್ಲದ ಕಾಫಿ ಇವತ್ತು ಬೆಂಗಳೂರಿನ ಕೆಫೆಗಳಲ್ಲಿ ಮಣ್ಣಿನ ಲೋಟ ಹತ್ತಿ ಕೂತು, ಸಕ್ಕರೆ ಕಾಫಿಗಿಂತ ಹೆಚ್ಚು ದುಡ್ಡು ಕೇಳುತ್ತಿದೆ. ಜೋನಿಬೆಲ್ಲ, ಓಲೆಬೆಲ್ಲ, ಅಚ್ಚುಬೆಲ್ಲ, ಪುಡಿಬೆಲ್ಲ ಎಂದು ಅದಕ್ಕೀಗ ಗಾಜಿನ ಬಾಟಲಿಯ ವೈಭೋಗ.

ಈ ಮುಂಬಡ್ತಿಗೆ ಕಡತದಲ್ಲಿ ಆಧಾರವೇನಿದೆ ಎಂದು ನೋಡಿದರೆ ಹೆಚ್ಚೇನೂ ಸಿಗುವುದಿಲ್ಲ. ನೂರು ಗ್ರಾಂ ಸಕ್ಕರೆಯಲ್ಲಿ 400ರ ಹತ್ತಿರ ಕ್ಯಾಲೊರಿ, ನೂರು ಗ್ರಾಂ ಬೆಲ್ಲದಲ್ಲಿ 380ರ ಆಸುಪಾಸು. ಉಳಿತಾಯವಾದ ಇಪ್ಪತ್ತು ಕ್ಯಾಲೊರಿಯ ಸಂತೋಷಕ್ಕೆ ಇನ್ನೊಂದು ಅಚ್ಚು ಬಾಯಿಗೆ ಹೋಗುತ್ತದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದರೆ ಬೆಲ್ಲ, ಕಾರ್ಖಾನೆಯಲ್ಲಿ ಕುದ್ದು ತೊಳೆಸಿಕೊಂಡರೆ ಸಕ್ಕರೆ. ಎರಡರಲ್ಲೂ ಮುಖ್ಯವಾಗಿ ಇರುವುದು ಸುಕ್ರೋಸೇ. ‘ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಸಾರ್?’ ಇದೆ. ದಿನಕ್ಕೆ ಬೇಕಾದ ಕಬ್ಬಿಣ ಅದರಿಂದಲೇ ಬರಬೇಕೆಂದರೆ ಎಷ್ಟು ಬೆಲ್ಲ ತಿನ್ನಬೇಕಾದೀತು ಎಂಬ ಲೆಕ್ಕವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಬಣ್ಣದ ಕಥೆ ಇನ್ನೂ ಚೆನ್ನಾಗಿದೆ. ಗಿರಾಕಿಗೆ ಬೆಲ್ಲ ಬಂಗಾರದ ಹಾಗೆ ಹೊಳೆಯಬೇಕಿತ್ತು. ಆಲೆಮನೆಯವರು ಹೈಡ್ರೋಸ್ ಎಂಬ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿ ಹೊಳೆಸಿಕೊಟ್ಟರು. ಆಮೇಲೆ ಹಳದಿ ಬೆಲ್ಲವೆಂದರೆ ಕೆಮಿಕಲ್ ಎಂದು ಗುಲ್ಲಾಯಿತು, ಗಿರಾಕಿ ಕಪ್ಪು ಬೆಲ್ಲ ಕೇಳತೊಡಗಿದ. ಒಂದು ಕಾಲಕ್ಕೆ ಕಳ್ಳಭಟ್ಟಿಯವರು ಬಿಟ್ಟರೆ ಬೇರೆ ಗತಿಯಿಲ್ಲದ ಕರಿಬೆಲ್ಲಕ್ಕೆ ಈಗ ‘ಸಾವಯವ’ ಎಂಬ ಬಿರುದು. ಪಾಕ ತಳ ಹಿಡಿದು ಸೀದರೂ ಆಲೆಮನೆಯವನು ಹೆದರಬೇಕಿಲ್ಲ, ಸೀದಷ್ಟೂ ಸಾವಯವ.

ಇಷ್ಟಾದರೂ ಅದು ಬೆಲ್ಲವೇ ತಾನೇ ಎಂದು ಸಮಾಧಾನ ಪಡುವ ಹಾಗೂ ಇಲ್ಲ. ಪ್ರಾಮಾಣಿಕವಾಗಿ ಬೆಲ್ಲ ಬೇಯಿಸುವವರು ಎಷ್ಟೋ ಮಂದಿ ಇದ್ದಾರೆ, ಅವರು ಕ್ಷಮಿಸಲಿ. ಆದರೆ ಮಂಡ್ಯ ಸೀಮೆಯ ಕೆಲವು ಆಲೆಮನೆಗಳಲ್ಲಿ ಕೊಪ್ಪರಿಗೆಗೆ ಸಕ್ಕರೆ ಮೂಟೆ ಸುರಿದು ಬೆಲ್ಲ ತೆಗೆಯುತ್ತಾರೆ ಎಂಬ ಸುದ್ದಿ, ಅಧಿಕಾರಿಗಳ ದಾಳಿಯ ಸುದ್ದಿ ಪತ್ರಿಕೆ ಓದುವವರಿಗೆ ಹೊಸದಲ್ಲ. ಇದರ ಸೊಗಸು ನೋಡಿ. ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಾಗುತ್ತದೆ. ಸಕ್ಕರೆ ವಿಷ ಎಂದು ಜನ ಬೆಲ್ಲಕ್ಕೆ ಮುಗಿಬೀಳುತ್ತಾರೆ. ಬೆಲ್ಲದ ಬೆಲೆ ಏರುತ್ತದೆ. ಯಾರೂ ತಿನ್ನದ ಸಕ್ಕರೆ ಅಗ್ಗವಾಗಿ ಆಲೆಮನೆಗೆ ಬಂದು, ಕರಗಿ, ಬಣ್ಣ ಬಳಿದುಕೊಂಡು ಬೆಲ್ಲವಾಗುತ್ತದೆ. ಸಕ್ಕರೆ ಬಿಟ್ಟವರು ಅದನ್ನು ದುಪ್ಪಟ್ಟು ದುಡ್ಡು ಕೊಟ್ಟು ಮನೆಗೆ ಕರೆದೊಯ್ಯುತ್ತಾರೆ. ಇರುವೆಗಳ ಮೇಲಿದ್ದ ಅನುಮಾನವನ್ನು ನಾನಿಲ್ಲಿ ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತೇನೆ.

ಜೇನುತುಪ್ಪಕ್ಕೆ ಹೋದವರ ಪಾಡೂ ಅಷ್ಟೇ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 13 ಬ್ರ್ಯಾಂಡುಗಳ ಜೇನುತುಪ್ಪವನ್ನು ಪರೀಕ್ಷೆಗೆ ಹಾಕಿದರು. ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು ಮೂರು. ಉಳಿದವುಗಳಲ್ಲಿ ಜೇನುನೊಣಕ್ಕೆ ಗೊತ್ತೇ ಇಲ್ಲದ ಸಕ್ಕರೆ ಪಾಕದ ಗುಮಾನಿ. ತೆಂಗಿನ ಸಕ್ಕರೆಯ ಬಗ್ಗೆ ಹೇಳುವುದಕ್ಕೇನಿದೆ, ಹೆಸರಲ್ಲೇ ತಪ್ಪೊಪ್ಪಿಗೆಯಿದೆ. ಖರ್ಜೂರದ ಉಂಡೆಯ ಪೊಟ್ಟಣದ ಮೇಲೆ ‘ಸಕ್ಕರೆ ಸೇರಿಸಿಲ್ಲ’ ಎಂದು ದಪ್ಪಕ್ಷರ. ಅದು ಸತ್ಯ. ಖರ್ಜೂರದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವಾಗ ಸೇರಿಸುವುದಕ್ಕೆ ಜಾಗವೆಲ್ಲಿದೆ?

ಇನ್ನು ಕೃತಕ ಸಿಹಿಯವರ ಬೀದಿಗೆ ಬರೋಣ. ಇಲ್ಲಿನ ಇತಿಹಾಸ ಓದಿದರೆ, ಲ್ಯಾಬಿನಲ್ಲಿ ಕೈ ತೊಳೆಯದವರೇ ಜಗತ್ತಿಗೆ ಸಿಹಿ ಹಂಚಿದವರು ಎಂದು ತಿಳಿಯುತ್ತದೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಲ್ಲಿದ್ದಲ ಟಾರಿನ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಕೈ ತೊಳೆಯದೆ ಊಟಕ್ಕೆ ಕೂತ, ಬ್ರೆಡ್ಡು ಸಿಹಿಯಾಗಿತ್ತು, ಸ್ಯಾಕರಿನ್ ಹುಟ್ಟಿತು. 1937ರಲ್ಲಿ ಮೈಕೆಲ್ ಸ್ವೇಡ ಲ್ಯಾಬಿನ ಬೆಂಚಿನ ಮೇಲಿಟ್ಟ ಸಿಗರೇಟನ್ನು ಮತ್ತೆ ಬಾಯಿಗಿಟ್ಟ; ಸಿಹಿಯಾಗಿತ್ತು; ಸೈಕ್ಲಮೇಟ್. 1965ರಲ್ಲಿ ಹೊಟ್ಟೆ ಹುಣ್ಣಿನ ಔಷಧ ಹುಡುಕುತ್ತಿದ್ದ ಜೇಮ್ಸ್ ಶ್ಲಾಟರ್ ಕಾಗದ ಎತ್ತಿಕೊಳ್ಳಲು ಬೆರಳು ನೆಕ್ಕಿದ, ಆಸ್ಪರ್ಟೇಮ್. ಎರಡು ವರ್ಷದ ನಂತರ ಜರ್ಮನಿಯಲ್ಲಿ ಕಾರ್ಲ್ ಕ್ಲಾಸ್ ಎಂಬಾತ ನೆಕ್ಕಿದ್ದೂ ಬೆರಳನ್ನೇ, ಅಸಿಸಲ್ಫೇಮ್. ನಮ್ಮಲ್ಲಿ ಎಂಜಲು ಕೈಯಲ್ಲಿ ಪುಸ್ತಕದ ಹಾಳೆ ತಿರುವಿದರೆ ಮೇಷ್ಟ್ರು ಹೊಡೆಯುತ್ತಿದ್ದರು. ಎಂಥೆಂಥ ಸಂಶೋಧನೆಗಳು ಮೊಳಕೆಯಲ್ಲೇ ಬಾಡಿಹೋದವೋ!

ಭಾರತೀಯರು ಹಿಂದೆ ಬಿದ್ದರೆಂದು ಕೊರಗಬೇಕಿಲ್ಲ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ಯುವ ವಿಜ್ಞಾನಿಗೆ ಪ್ರೊಫೆಸರ್ ಲೆಸ್ಲಿ ಹಫ್ ಒಂದು ಕ್ಲೋರಿನ್ ಬೆರೆತ ಪುಡಿಯನ್ನು ಟೆಸ್ಟ್ ಮಾಡಲು ಹೇಳಿದರು. ಈತನಿಗೆ ಟೇಸ್ಟ್ ಎಂದು ಕೇಳಿಸಿತು. ಹಿರಿಯರ ಮಾತು ಮೀರುವುದುಂಟೇ, ನಾಲಗೆಗೆ ಹಚ್ಚಿಕೊಂಡರು. ಸಕ್ಕರೆಗಿಂತ 600 ಪಟ್ಟು ಸಿಹಿ. ಅದೇ ಇವತ್ತು ಮಾತ್ರೆಯಾಗಿ, ಪುಡಿಯಾಗಿ ಟೀ ಲೋಟಕ್ಕೆ ಬೀಳುವ ಸುಕ್ರಲೋಸ್. ಅದನ್ನು ಯಾವುದರಿಂದ ತಯಾರಿಸುತ್ತಾರೆ ಎಂದು ಮಾತ್ರ ಕೇಳಬೇಡಿ. ಸರಿ, ಕೇಳಿಯೇಬಿಟ್ಟಿರಿ: ಸಕ್ಕರೆಯಿಂದ.

600 ಪಟ್ಟು ಸಿಹಿ ಎಂಬುದರಲ್ಲಿ ಒಂದು ವ್ಯಾವಹಾರಿಕ ತೊಡಕಿದೆ. ಒಂದು ಲೋಟಕ್ಕೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು. ಕಾಣದ ವಸ್ತುವಿಗೆ ಗಿರಾಕಿ ದುಡ್ಡು ಕೊಡುವುದಿಲ್ಲ. ಹಾಗಾಗಿ ಪೊಟ್ಟಣ ತುಂಬಿಸುವುದಕ್ಕೆ ಎಷ್ಟೋ ಕಡೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಬೆರೆಸುತ್ತಾರೆ. ರಕ್ತದಲ್ಲಿ ಗ್ಲೂಕೋಸ್ ಏರಿಸುವ ವೇಗದಲ್ಲಿ ಈ ಪುಡಿ ಸಕ್ಕರೆಯನ್ನೂ ಹಿಂದೆ ಹಾಕುತ್ತದೆ. ಪೊಟ್ಟಣದ ಮೇಲೆ ಸ್ಟೀವಿಯಾ ಎಂಬ ಸಿಹಿ ಎಲೆಯ ಗಿಡದ ಹಸಿರು ಚಿತ್ರ, ಮೂಲೆಯಲ್ಲಿ ಇಬ್ಬನಿ ಹನಿ, ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿ ಉಳಿದ ಸಮಾಚಾರ. ಸಕ್ಕರೆ ಬಿಡುವ ವಯಸ್ಸಿಗೆ ಕಣ್ಣಿಗೂ ಪೊರೆ ಬಂದಿರುತ್ತದೆ ಎಂಬ ಭರವಸೆಯಿಲ್ಲದೆ ಅಷ್ಟು ಸಣ್ಣದಾಗಿ ಮುದ್ರಿಸುವುದು ಸಾಧ್ಯವಿಲ್ಲ.

ಈ ವಿದ್ಯೆಯ ಪರಾಕಾಷ್ಠೆಯೆಂದರೆ ಶುಗರ್‌ಫ್ರೀ ಮೈಸೂರು ಪಾಕ್. ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರೆಂದು ಹೇಳುವ ಈ ತಿಂಡಿಯಲ್ಲಿ ಇರುವುದು ಕಡಲೆಹಿಟ್ಟು, ತುಪ್ಪ, ಸಕ್ಕರೆ ಪಾಕ. ಅದರಲ್ಲಿ ಸಕ್ಕರೆ ತೆಗೆದರೆ ಉಳಿಯುವುದು ತುಪ್ಪದಲ್ಲಿ ಮುಳುಗಿದ ಹಿಟ್ಟು. ಆಕಾರ ನಿಲ್ಲಬೇಕಲ್ಲ, ಅದಕ್ಕೆ ಮಾಲ್ಟಿಟಾಲ್‌ನಂಥ ಸಕ್ಕರೆ ಮದ್ಯಸಾರಗಳನ್ನು ಹಾಕುತ್ತಾರೆ. (ಹೆದರಬೇಡಿ, ಕಿಕ್ ಏರುವುದಿಲ್ಲ.) ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗಬಹುದೆಂದು ಇಂಥ ಪದಾರ್ಥಗಳ ಲೇಬಲ್ ಮೇಲೆ ಎಚ್ಚರಿಕೆ ಬರೆಯಬೇಕೆಂಬ ನಿಯಮವೂ ಇದೆ. ಆದರೆ ಜಾಸ್ತಿ ತಿನ್ನದೆ ಇರುತ್ತಾರೆಯೇ? ಮಾಮೂಲಿ ಮೈಸೂರು ಪಾಕ್ ಆದರೆ ಅಳುಕಿನಿಂದ ಅರ್ಧ ಮುರಿದು, ಉಳಿದರ್ಧವನ್ನು ಮೊಮ್ಮಗಳಿಗೆ ಕೊಡುತ್ತಿದ್ದ ತಾತ, ಶುಗರ್‌ಫ್ರೀ ಎಂದೊಡನೆ ಡಬ್ಬಿಯನ್ನೇ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ‘ಅಪ್ಪಾ, ತುಪ್ಪ ಇದೆ ಅದರಲ್ಲಿ’ ಎಂದು ಮಗಳು ಗೊಣಗಿದರೆ, ‘ತುಪ್ಪ ಬಿಡು ಅಂತ ಡಾಕ್ಟ್ರು ಹೇಳಿಲ್ಲಮ್ಮ.’ ಸಕ್ಕರೆ ಹಾಕಿದ್ದಕ್ಕಿಂತ ಹಾಕದೇ ಇದ್ದದ್ದಕ್ಕೆ ಬೆಲೆ ಜಾಸ್ತಿ. ಏನನ್ನೋ ಹಾಕದೇ ಬಿಡುವುದಕ್ಕೆ ಕೂಲಿ ತೆಗೆದುಕೊಳ್ಳುವ ಕಸುಬು ಇದುವರೆಗೆ ರಸ್ತೆ ಗುತ್ತಿಗೆದಾರರಿಗೆ ಮಾತ್ರ ಗೊತ್ತಿತ್ತು.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹಬ್ಬದ ಊಟಕ್ಕೆ ಒಂದಿಷ್ಟು ನೀರು ಎರಚಿತು. ತೂಕ ಇಳಿಸುವುದಕ್ಕೆಂದು ಆಸ್ಪರ್ಟೇಮ್, ಸುಕ್ರಲೋಸ್‌ನಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಮೇ ತಿಂಗಳಲ್ಲಿ ಹೇಳಿತು. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸದು ಎಂದೂ ಹೇಳಿತ್ತು. ಆ ಸಾಲು ವಾಟ್ಸಾಪಿಗೆ ಬರುವಷ್ಟರಲ್ಲಿ ಉದುರಿಹೋಯಿತು. ಜುಲೈಯಲ್ಲಿ ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು ‘ಕ್ಯಾನ್ಸರ್ ತರಬಹುದಾದ ಸಾಧ್ಯತೆಯುಳ್ಳ’ 2ಬಿ ಪಟ್ಟಿಗೆ ಸೇರಿಸಿತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ, ಕೆಜಿ ತೂಕಕ್ಕೆ 40 ಮಿಲಿಗ್ರಾಂ ಎಂಬ ದಿನದ ಮಿತಿಯನ್ನು ಬದಲಿಸಬೇಕಿಲ್ಲ ಎಂದಿತು. ಎಪ್ಪತ್ತು ಕೆಜಿಯ ಮನುಷ್ಯ ಆ ಮಿತಿ ದಾಟಬೇಕಾದರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಕ್ಯಾನಿಗಿಂತ ಹೆಚ್ಚು ಡಯಟ್ ಸೋಡಾ ಕುಡಿಯಬೇಕು. 2ಬಿ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ, ಲೋಳೆಸರದ ಜ್ಯೂಸು ಗುಟುಕರಿಸುತ್ತಾ ಆಸ್ಪರ್ಟೇಮ್ ಎಷ್ಟು ಅಪಾಯಕಾರಿ ಎಂದು ಚರ್ಚಿಸುವವರ ಗುಂಪೊಂದಿದೆ. ಅವರ ಸಂತೋಷಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎನ್ನಬೇಡಿ. 2025ರ ಮೇಯಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿತು, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳು ಓದಿ ತಿಳಿಯಲಿ ಎಂದು. ಒಳ್ಳೆಯ ಕೆಲಸವೇ. ಅದಾದ ಮೇಲೆ ಕಚೇರಿಗಳಲ್ಲೂ ಎಣ್ಣೆ-ಸಕ್ಕರೆಯ ಬೋರ್ಡು ತೂಗುಹಾಕಿ ಎಂದು ಕೇಂದ್ರದ ಆರೋಗ್ಯ ಸಚಿವಾಲಯ ಸೂಚಿಸಿದಾಗ, ಸಮೋಸಾ ಜಿಲೇಬಿಗೆ ಸಿಗರೇಟಿನಂತೆ ಎಚ್ಚರಿಕೆ ಬರುತ್ತದಂತೆ ಎಂದು ದೇಶವೇ ಬೆಚ್ಚಿಬಿತ್ತು. ಜುಲೈಯಲ್ಲಿ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು: ಹಾಗೇನೂ ಇಲ್ಲ, ಇದು ಬರೀ ತಿಳಿವಳಿಕೆಗೆ. ಹತ್ತು ಕೋಟಿ ಮಧುಮೇಹಿಗಳಿರುವ ದೇಶದಲ್ಲಿ ಜನ ಗಾಬರಿಯಾದದ್ದು ಜಿಲೇಬಿಯ ಮಾನ ಹೋಯಿತಲ್ಲ ಎಂದು.

ಇಡೀ ಆಡಳಿತದಲ್ಲಿ ಈ ವಿಷಯದ ಬಗ್ಗೆ ಯಾವ ಭ್ರಮೆಯೂ ಇಲ್ಲದೆ ಇರುವುದು ತೆರಿಗೆ ಇಲಾಖೆ ಒಂದೇ. ಅವರ ಪಟ್ಟಿಯಲ್ಲಿ ಗ್ಯಾಸ್ ತುಂಬಿದ ತಂಪು ಪಾನೀಯಕ್ಕೆ ‘ಸಕ್ಕರೆ ಅಥವಾ ಇತರ ಸಿಹಿಕಾರಕ ಸೇರಿಸಿದ’ ಎಂದು ಒಂದೇ ಸಾಲು, ಒಂದೇ ದರ, ಈಗ ಶೇಕಡಾ 40. ಡಯಟ್ ಆದರೂ ಅಷ್ಟೇ, ಝೀರೋ ಆದರೂ ಅಷ್ಟೇ.

ಇಷ್ಟೆಲ್ಲ ಪರ್ಯಾಯಗಳ ಮಧ್ಯೆ ನಮ್ಮ ಕುರುಚಲು ಕಾಡಿನ ಒಂದು ಬಳ್ಳಿಯ ಸುದ್ದಿ ಹೇಳದೆ ಮುಗಿಸಿದರೆ ಅನ್ಯಾಯವಾದೀತು. ಮಧುನಾಶಿನಿ. ಇದರ ಎರಡೆಲೆ ಅಗಿದು ನೋಡಿ. ನಾಲಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೆ ಅದರೊಳಗಿನ ಜಿಮ್ನೆಮಿಕ್ ಆಮ್ಲ ಅಡ್ಡ ಕೂತುಬಿಡುತ್ತದೆ. ಆಮೇಲೆ ಅರ್ಧ ಗಂಟೆಯಾದರೂ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗೆ. ಬೆಲ್ಲ, ಜೇನು, ಸುಕ್ರಲೋಸ್, ಯಾವುದರ ಆಟವೂ ನಡೆಯುವುದಿಲ್ಲ. ಬದಲಿ ಸಿಹಿ ಹುಡುಕುವ ಗೋಜೇ ಇಲ್ಲ, ಬೇಕೆನಿಸುವುದೇ ನಿಂತುಹೋಗುತ್ತದೆ. ನಿಜಕ್ಕೂ ಸಕ್ಕರೆ ಬಿಡಬೇಕೆನ್ನುವವರಿಗೆ ಇದಕ್ಕಿಂತ ಏನು ಬೇಕು?

ಈ ಎಲೆಯನ್ನೂ ನಮ್ಮವರು ಬಿಟ್ಟಿಲ್ಲ. ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲಿನೊಳಗೆ ತುಂಬಿ ಮಾರುತ್ತಾರೆ. ಕ್ಯಾಪ್ಸೂಲಾದರೆ ನಾಲಗೆಗೆ ತಾಗದೆ ನೇರ ಹೊಟ್ಟೆಗೆ ಇಳಿಯುತ್ತದಲ್ಲ. ‘ಊಟಕ್ಕೆ ಮುಂಚೆ ಒಂದು ನುಂಗಿಬಿಡಿ ಸಾರ್. ಬಾಯಿ ರುಚಿ ಏನೂ ಕೆಡಲ್ಲ, ಹೋಳಿಗೆ ಆರಾಮಾಗಿ ತಿನ್ನಬಹುದು.’