ನಮ್ಮ ಹೊಸನಗರ ತಾಲ್ಲೂಕಿನ ನಗರಕ್ಕೂ ನಡೆಸಿ ತೋರಿಸುವವರು ಬೇಕು

ಶ್ರೀರಂಗಪಟ್ಟಣವನ್ನು ಕಾರಿನಲ್ಲಿ ಕೂತು ನೋಡಬೇಡಿ. ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಸ್ವಲ್ಪ ಹೊತ್ತು ಇಳಿದು, ರಂಗನಾಥನಿಗೆ ಕೈ ಮುಗಿದು, ದರಿಯಾ ದೌಲತ್ ಎದುರು ಫೋಟೋ ತೆಗೆಸಿಕೊಂಡು, ಸಂಗಮದಲ್ಲಿ ಕಾಲು ತೊಳೆದು ಹೊರಟರೆ ಊರು ನೋಡಿದ ಹಾಗೆ ಆಗಲ್ಲ. ಅದು ಹೊಳೆ ನಡುವಿನ ಊರು. ಎಲ್ಲಿ ನೀರು ಸೀಳುತ್ತದೆ, ಎಲ್ಲಿ ಕೋಟೆ ಗೋಡೆ ತಿರುಗುತ್ತದೆ, ಯಾವ ಬಾಗಿಲಿನಿಂದ ಇಳಿದರೆ ಹೊಳೆ ಸಿಗುತ್ತದೆ ಅನ್ನೋದು ಕಾಲಿಗೆ ಗೊತ್ತಾಗಬೇಕು. ಗೊತ್ತಿರುವ ಒಬ್ಬರು ಜೊತೆಗೂ ಇರಬೇಕು.

ನಾವು ಶಿವಮೊಗ್ಗ, ಸಾಗರ, ಹೊಸನಗರ ಕಡೆಯ ಒಂದಷ್ಟು ಜನ ಸೇರಿ ಹೋಗಿದ್ದೆವು. ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಪಟ್ಟಣದವರೇ ಆದ ಒಬ್ಬ ಗೈಡ್ ಬೆಳಿಗ್ಗೆ ನಮ್ಮನ್ನು ಬೆಂಗಳೂರು ಬಾಗಿಲಿನ ಹತ್ತಿರ ನಿಲ್ಲಿಸಿ, ಮೊದಲು ಮಾಡಿದ್ದು ಒಂದೇ ಕೆಲಸ. ಕೋಲು ತಗೊಂಡು ಮಣ್ಣಿನ ಮೇಲೆ ಹೊಳೆ ಬರೆದರು. ಪಶ್ಚಿಮದಲ್ಲಿ ಕಾವೇರಿ ಎರಡಾಗುತ್ತಾಳೆ, ಪೂರ್ವದಲ್ಲಿ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ನಡುವೆ ಸುಮಾರು 5 ಕಿಲೋಮೀಟರ್ ಉದ್ದದ ನೆಲ. ಪಶ್ಚಿಮದ ತುದಿಯಲ್ಲಿ ಕೋಟೆ, ಪೂರ್ವದ ಕಡೆ ಗಂಜಾಂ, ಗುಂಬಜ್. "ಇಷ್ಟು ತಲೆಯಲ್ಲಿ ಇಟ್ಕೊಳ್ಳಿ ಸಾರ್, ಉಳಿದದ್ದು ನಡೀತಾ ಹೇಳ್ತೀನಿ" ಅಂದರು. ಇಡೀ ದಿನ ಆ ಕೋಲಿನ ಗೆರೆಯೇ ನಮಗೆ ನಕ್ಷೆ.

ಊರಿನ ವಯಸ್ಸನ್ನು ಅವರು ಬೇಗ ಹೇಳಿ ಮುಗಿಸಿದರು. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ರಂಗನಾಥನ ಗುಡಿ ಕಟ್ಟಿಸಿದ ಅಂತ ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಕೋಟೆ ಬಂತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣ ತಗೊಂಡರು. ಅಲ್ಲಿಂದ 1799ರವರೆಗೆ ಅದೇ ಮೈಸೂರಿನ ರಾಜಧಾನಿ. ಗುಡಿಯ ಬಾಗಿಲಲ್ಲಿ ಎರಡು ಕಂಬಗಳ ಮೇಲೆ ವಿಷ್ಣುವಿನ 24 ರೂಪಗಳಿವೆ. ನಮ್ಮಲ್ಲಿ ಯಾರೂ ಅದನ್ನು ಹಿಂದೆ ಗಮನಿಸಿರಲಿಲ್ಲ. ಟಿಪ್ಪು ಗುಡಿಗೆ ಕೊಟ್ಟ ಬೆಳ್ಳಿ ಪಾತ್ರೆಗಳ ವಿಷಯವನ್ನೂ ಅಲ್ಲೇ ಹೇಳಿದರು. 1787ರ ಜಾಮಿಯಾ ಮಸೀದಿಯ ಮಿನಾರುಗಳಲ್ಲಿ ಪಾರಿವಾಳ ಕೂರಲು ಬಿಟ್ಟಿರುವ ಗೂಡುಗಳನ್ನು ತೋರಿಸಿದರು.

ಕೋಟೆ ಗೋಡೆಯ ಮೇಲೆ ಉತ್ತರದ ಹೊಳೆ ನೋಡುತ್ತಾ ನಿಂತಾಗ, ನಮ್ಮ ಜೊತೆಗಿದ್ದ ತುಮರಿ ಕಡೆಯ ಅಕ್ಕ ಒಂದು ಪ್ರಶ್ನೆ ಕೇಳಿದರು. "ಹೊಳೆ ತುಂಬಿದಾಗ ಊರಿಗೆ ಅಕ್ಕಿ ಬೇಳೆ ಹೇಗೆ ಬರ್ತಿತ್ತು?" ಲಿಂಗನಮಕ್ಕಿ ಹಿನ್ನೀರಿನ ಆಚೆ ಬದುಕು ಮಾಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಲಾಂಚ್ ನಿಂತರೆ ಏನೇನು ನಿಲ್ಲುತ್ತದೆ ಅಂತ ಅವರಿಗೆ ಗೊತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗುವವರೆಗೂ ಆ ಕಡೆಯ ಬಸುರಿ ಬಾಣಂತಿಯರು ಲಾಂಚ್ ದಾರಿ ಕಾದವರು.

ಗೈಡ್‌ಗೆ ಈ ಪ್ರಶ್ನೆ ತುಂಬಾ ಇಷ್ಟವಾಯಿತು. ಎಲ್ಲರೂ ಟಿಪ್ಪು ಹೇಗೆ ಸತ್ತ ಅಂತ ಕೇಳುತ್ತಾರೆ, ಜನ ಹೇಗೆ ಬದುಕಿದರು ಅಂತ ಕೇಳುವವರು ಕಡಿಮೆ ಅಂದರು. ಮಳೆಗೆ ಮುಂಚೆ ಕಣಜ ತುಂಬಿಸಿಕೊಳ್ಳುವುದು, ಹರಿಗೋಲಿನಲ್ಲಿ ಸಾಮಾನು ಸಾಗಿಸುವುದು, ಹೊಳೆ ಇಳಿದಾಗ ಬಂಡೆ ಹಿಡಿದು ದಾಟುವುದು ಎಲ್ಲ ವಿವರಿಸಿದರು. ಆಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ವಿಷಯ ಬಂತು. ಕಮಾನು ಇಲ್ಲ, ಬರೀ ಕಲ್ಲಿನ ಕಂಬ ನಿಲ್ಲಿಸಿ ಮೇಲೆ ಚಪ್ಪಡಿ ಹಾಸಿದ್ದು. ಇನ್ನೂರು ವರ್ಷ ಕಾವೇರಿಯ ಪ್ರವಾಹ ತಡೆದಿದೆ. ಅಕ್ಕ ಅದರ ಎದುರು ತುಂಬಾ ಹೊತ್ತು ನಿಂತರು.

ಪಶ್ಚಿಮದ ಮೂಲೆಗೆ ಬಂದೆವು. ಇಂಗ್ಲಿಷರು ಫಿರಂಗಿ ಹೊಡೆದು ಗೋಡೆ ಒಡೆದ ಜಾಗ ಅದು. ಈಗ ಒಂದು ಸ್ಮಾರಕ ಕಂಬ ಇದೆ. ಕೆಳಗೆ ಹೊಳೆ, ಬಂಡೆಗಳು. 1799ರ ಮೇ 4ರ ಮಧ್ಯಾಹ್ನ ಸೈನಿಕರು ಈ ಬಂಡೆಗಳ ನಡುವೆಯೇ ನುಗ್ಗಿ ಬಂದರು. ಮೇ ತಿಂಗಳೇ ಯಾಕೆ? ಜೂನ್ ಬಂದರೆ ಕೊಡಗಿನ ಮಳೆ ನೀರು ಕಾವೇರಿಗೆ ಬರುತ್ತದೆ. ಹೊಳೆ ತುಂಬಿದರೆ ಮುತ್ತಿಗೆ ಹಾಕಿದವರೇ ಜಾಗ ಖಾಲಿ ಮಾಡಬೇಕು. ಇನ್ನು ಕೆಲವೇ ವಾರ ಕೋಟೆ ನಿಂತಿದ್ದರೆ ಸಾಕಿತ್ತು. ಈ ಲೆಕ್ಕ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಯುದ್ಧದ ಇಸವಿ ಬಾಯಿಪಾಠ ಮಾಡಿಸಿದರು, ಮಳೆಯನ್ನು ಬಿಟ್ಟರು. ಮಲೆನಾಡಿನವರಿಗೆ ಮೊದಲು ಹೇಳಬೇಕಾದದ್ದೇ ಅದು, ಅಲ್ವಾ?

ಟಿಪ್ಪುವಿನ ದೇಹ ಸಿಕ್ಕಿದ ಜಾಗದಲ್ಲಿ ನಮ್ಮ ಗುಂಪಿನಲ್ಲೇ ವಾದ ಶುರುವಾಗುವ ಹಾಗಿತ್ತು. ಇವತ್ತಿನ ದಿನದಲ್ಲಿ ಆ ಹೆಸರು ಎತ್ತಿದರೆ ಹಾಗೇ. ಗೈಡ್ ಯಾರ ಪರವಾಗಿಯೂ ಮಾತಾಡಲಿಲ್ಲ. ಅವತ್ತು ಮಧ್ಯಾಹ್ನದಿಂದ ರಾತ್ರಿವರೆಗೆ ಏನಾಯಿತು ಅಂತ ಬಿಡಿಸಿ ಹೇಳಿದರು. ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಸಂಬಳದ ನೆಪದಲ್ಲಿ ಕಾವಲಿನವರನ್ನು ಹಿಂದೆ ಕರೆಸಿದ ಎಂಬ ಮಾತನ್ನು "ಹೀಗೆ ಹೇಳ್ತಾರೆ" ಅಂತಲೇ ಹೇಳಿದರು. ಯಾರೋ ಇಲ್ಲಿಂದ ಮೈಸೂರಿಗೆ ಸುರಂಗ ಇದೆಯಂತಲ್ಲ ಅಂದಾಗ, "ಅದಕ್ಕೆ ಆಧಾರ ಇಲ್ಲ ಸಾರ್, ನಾನು ಹೇಳಲ್ಲ" ಅಂದುಬಿಟ್ಟರು. ಆ ಒಂದು ಮಾತಿಗೆ ನನಗೆ ಅವರ ಮೇಲೆ ಗೌರವ ದುಪ್ಪಟ್ಟಾಯಿತು. ಸುರಂಗ, ನಿಧಿ, ಶಾಪ ಅಂತ ಕತೆ ಕಟ್ಟಿದರೆ ಟಿಪ್ಸ್ ಜಾಸ್ತಿ ಸಿಗುತ್ತದೆ. ಅವರು ಅದನ್ನು ಬಿಟ್ಟರು.

ಆಮೇಲೆ ಗೋಡೆ ಕೆಳಗಿನ ಸೆರೆಮನೆಗೆ ಇಳಿದೆವು. ಬೇಲಿಯ ಡಂಜನ್ ಅಂತ ಕರೆಯುತ್ತಾರೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸಿಕ್ಕಿಬಿದ್ದ ಕರ್ನಲ್ ಬೇಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ 1782ರಲ್ಲಿ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ ಮೂರು ವರ್ಷಕ್ಕೂ ಜಾಸ್ತಿ ಇದೇ ಊರಲ್ಲಿ ಸೆರೆಯಲ್ಲಿದ್ದ. 1799ರಲ್ಲಿ ಒಡೆದ ಗೋಡೆಯ ಮೇಲೆ ಸೈನ್ಯ ಹತ್ತಿಸಿದವನು ಅವನೇ. ಗೋಡೆಗಳಲ್ಲಿ ಸರಪಳಿ ಕಟ್ಟಲು ತೂತು ಕೊರೆದ ಕಲ್ಲುಗಳು ಈಗಲೂ ಇವೆ. ಅವುಗಳನ್ನು ತೋರಿಸುತ್ತಾ ಗೈಡ್ ನಮ್ಮ ಕಡೆ ತಿರುಗಿ ಕೇಳಿದರು, "ನೀವು ಶಿವಮೊಗ್ಗದವರಲ್ವಾ? ಜನರಲ್ ಮ್ಯಾಥ್ಯೂಸ್ ನಿಮ್ಮ ಕಡೆಯಿಂದಲೇ ಬಂದವನು."

ನಮ್ಮಲ್ಲಿ ಬಹಳ ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. 1783ರ ಶುರುವಿನಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಟ್ಟ ಹತ್ತಿ ಬಿದನೂರು ಹಿಡಿದ. ಕೆಲವೇ ತಿಂಗಳಲ್ಲಿ ಟಿಪ್ಪು ಬಂದು ಮುತ್ತಿಗೆ ಹಾಕಿ ವಾಪಸ್ ಗೆದ್ದ. ಮ್ಯಾಥ್ಯೂಸ್‌ನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದರು. ಅದೇ ವರ್ಷ ಅವನು ಇಲ್ಲಿ ಸೆರೆಯಲ್ಲೇ ಸತ್ತ. ಬಿದನೂರು ಅಂದರೆ ನಮ್ಮ ಹೊಸನಗರ ತಾಲ್ಲೂಕಿನ ನಗರ. ಕೊಲ್ಲೂರಿಗೆ ಹೋಗುವಾಗ ಎಡಕ್ಕೋ ಬಲಕ್ಕೋ ಒಂದು ಕೋಟೆ ಕಾಣುತ್ತದಲ್ಲ, ಅದೇ. ನಮ್ಮ ಪಕ್ಕದ ಊರಿನ ಕತೆಯನ್ನು ಕಾವೇರಿ ದಡದ ಗೈಡ್ ಒಬ್ಬರು ನಮಗೆ ಹೇಳುತ್ತಿದ್ದರು. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಸಾಗರದ ನಿವೃತ್ತ ಮೇಷ್ಟ್ರು ಒಬ್ಬರು ಆಗ ಬಾಯಿಬಿಟ್ಟರು. ಅಲ್ಲಿಂದ ಮಧ್ಯಾಹ್ನದ ಊಟದವರೆಗೆ ಗೈಡೂ ಅವರೂ ಸೇರಿ ಮಾತಾಡಿದ್ದನ್ನು ನಾವು ಉಳಿದವರು ಬಾಯಿಮುಚ್ಚಿ ಕೇಳಿದೆವು. ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. ನಾಯಕರ ರಾಜಧಾನಿ ಹೀಗೆ ಸರಿಯುತ್ತಾ ಕಾಡಿನ ಒಳಗೆ ಹೋಯಿತು. ಶಿವಪ್ಪ ನಾಯಕರ ಕಾಲದಲ್ಲಿ ಬಿದನೂರು ದೊಡ್ಡ ಪಟ್ಟಣವಾಯಿತು. ಘಟ್ಟದ ಮೆಣಸು, ಅಡಿಕೆ, ಅಕ್ಕಿ ಕರಾವಳಿಗೆ ಇಳಿಯುವ ದಾರಿಗಳು ಅವರ ಕೈಯಲ್ಲಿದ್ದವು. 1763ರಲ್ಲಿ ರಾಣಿ ವೀರಮ್ಮಾಜಿಯ ಕಾಲದಲ್ಲಿ ಹೈದರ್ ಅಲಿ ಊರು ಹಿಡಿದು ಹೈದರ್‌ನಗರ ಅಂತ ಹೆಸರಿಟ್ಟ. ರಾಣಿ ಬಲ್ಲಾಳರಾಯನ ದುರ್ಗಕ್ಕೆ ತಪ್ಪಿಸಿಕೊಂಡು ಹೋದರೂ ಸಿಕ್ಕಿಬಿದ್ದರು. ಮಧುಗಿರಿ ಕೋಟೆಯಲ್ಲಿ ಅವರನ್ನು ಸೆರೆಯಿಟ್ಟರು.

ಬಿದನೂರಿನಲ್ಲಿ ಸಿಕ್ಕಿದ ಸಂಪತ್ತೇ ತನ್ನ ಏಳಿಗೆಗೆ ಬುನಾದಿ ಅಂತ ಹೈದರ್ ಹೇಳುತ್ತಿದ್ದ ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಅವನು ತನ್ನ ನಾಣ್ಯ ಹೊಡೆಸಿದ್ದೂ ನಗರದಲ್ಲೇ. ಆ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಇಕ್ಕೇರಿ ವರಹದಲ್ಲಿದ್ದ ಶಿವ ಪಾರ್ವತಿಯರು ಹಾಗೇ ಉಳಿದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ ಬಂತು. ಅಂದರೆ ನಾವು ಶ್ರೀರಂಗಪಟ್ಟಣದಲ್ಲಿ ಬೆರಗಿನಿಂದ ನೋಡುವ ವೈಭವದ ಬೇರು ನಮ್ಮ ಹೊಸನಗರ ತಾಲ್ಲೂಕಿನ ಮಣ್ಣಿನಲ್ಲೂ ಇದೆ.

ಎರಡೂ ಊರು ಬಿದ್ದ ರೀತಿಯೂ ಒಂದೇ ಥರ. ಶ್ರೀರಂಗಪಟ್ಟಣಕ್ಕೆ ಹೊಳೆ ಕಾವಲು. ಬಿದನೂರಿಗೆ ಕಾಡು, ಗುಡ್ಡ, ಮಳೆ ಕಾವಲು. ಬಿದನೂರಿಗೆ ಹೋಗುವ ಗುಟ್ಟಿನ ಕಾಡುದಾರಿಯನ್ನು ಹೈದರ್‌ಗೆ ತೋರಿಸಿದವನು ನಾಯಕರ ಹಳೆಯ ಮಂತ್ರಿ ಲಿಂಗಣ್ಣ ಅಂತ ದಾಖಲೆ ಇದೆ. ಮೀರ್ ಸಾದಿಕ್‌ನ ಮಾತೂ ನಿಜವಾದರೆ, ಒಳಗಿನ ದಾರಿ ಗೊತ್ತಿದ್ದವರು ಹೊರಗಿನವರ ಜೊತೆ ಸೇರಿದಾಗ ಹೊಳೆಯೂ ಕಾಯಲಿಲ್ಲ, ಕಾಡೂ ಕಾಯಲಿಲ್ಲ.

ಖಾಲಿಯಾದದ್ದೂ ಎರಡೂ ಊರೇ. ಟಿಪ್ಪುವಿನ ಕಾಲದಲ್ಲಿ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು ಅಂತ, ಇಂಗ್ಲಿಷ್ ಕಂಪನಿಯವರು ಸಮೀಕ್ಷೆಗೆ ಕಳಿಸಿದ್ದ ಬುಕಾನನ್ ಅಂದಾಜು ಮಾಡಿದ್ದ. ಯುದ್ಧ ಮುಗಿದ ಮಾರನೇ ವರ್ಷ ಅವನೇ ಬಂದಾಗ ಉಳಿದದ್ದು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪದ ಮಲೇರಿಯಾ ತಡೆಯಲಾಗದೆ ಇಂಗ್ಲಿಷರು ಸೈನ್ಯವನ್ನು 1809ರಲ್ಲಿ ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದೇ ಹೀಗೆ. ಅದೇ ಬುಕಾನನ್ ನಮ್ಮ ನಗರಕ್ಕೂ ಬಂದಿದ್ದ. ಆಮೇಲೆ ತಾಲ್ಲೂಕು ಕೇಂದ್ರವೂ ನಗರದಿಂದ ಹೋಯಿತು. ಅದು ಹೋದ ಊರೇ ಈಗಿನ ಹೊಸನಗರ.

ಈಗ ನನ್ನ ಮಾತು. ಶ್ರೀರಂಗಪಟ್ಟಣಕ್ಕೆ ಇರುವಂಥ ಒಬ್ಬ ಗೈಡ್ ನಮ್ಮ ನಗರಕ್ಕೆ ಯಾಕೆ ಇರಬಾರದು? ಶಿವಮೊಗ್ಗದಿಂದ ಸುಮಾರು 85 ಕಿಲೋಮೀಟರ್. ಕೊಲ್ಲೂರು, ಕೊಡಚಾದ್ರಿಗೆ ಹೋಗುವ ಗಾಡಿಗಳು ದಿನಾ ಅದೇ ದಾರಿಯಲ್ಲಿ ಹೋಗುತ್ತವೆ. ಜನ ಇಳಿಯುತ್ತಾರೆ, ಬುರುಜು ಹತ್ತುತ್ತಾರೆ, ರೀಲ್ಸ್ ಮಾಡುತ್ತಾರೆ, ಹತ್ತಿಪ್ಪತ್ತು ನಿಮಿಷಕ್ಕೆ ಹೊರಡುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಹೇಳುವವರು ಯಾರೂ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ನಗರದಲ್ಲಿ ಅರ್ಧ ದಿನ ನಡೆಯುವಷ್ಟು ಸರಕು ಧಾರಾಳವಾಗಿದೆ. ಕೋಟೆ ಬಾಗಿಲು, ದರ್ಬಾರಿನ ಜಗಲಿ, ಅಕ್ಕ ತಂಗಿ ಕೊಳ, ಮೇಲಿನಿಂದ ಕಾಣುವ ಕೆರೆ. ಕೆಳಗೆ ಪೇಟೆ ಇದ್ದ ಜಾಗ, ನೀಲಕಂಠೇಶ್ವರನ ಗುಡಿ. ಸ್ವಲ್ಪ ದೂರದಲ್ಲಿ ಸದಾ ನೀರು ಹರಿಯುವ ದೇವಗಂಗೆಯ ಕೊಳಗಳು. ಕತೆಗಳಂತೂ ಮುಗಿಯಲ್ಲ. 1763, 1783 ಆಯಿತು. 1830ರಲ್ಲಿ ಇದೇ ಸೀಮೆಯ ರೈತರು ಕಂದಾಯ ಕೊಡಲ್ಲ ಅಂತ ಎದ್ದು ನಿಂತರು. ಬೂದಿ ಬಸವಪ್ಪನ ಹೆಸರು ಆಗ ಕೇಳಿಬಂತು. ಆ ದಂಗೆ ಎಷ್ಟು ದೊಡ್ಡದಾಯಿತು ಅಂದರೆ, ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತಗೊಂಡರು. ಮುಮ್ಮಡಿ ಕೃಷ್ಣರಾಜ ಒಡೆಯರು ಆಡಳಿತ ಕಳೆದುಕೊಂಡರು. ಇಡೀ ರಾಜ್ಯದ ದಿಕ್ಕು ಬದಲಿಸಿದ ಊರಿನಲ್ಲಿ ನಿಂತು ನಮ್ಮ ಮಕ್ಕಳು ಇದನ್ನು ಕೇಳಬೇಕಲ್ವಾ?

ದುಡ್ಡು ಯಾರು ಕೊಡ್ತಾರೆ ಅಂತ ಕೇಳುವವರಿದ್ದಾರೆ. ಕೊಡ್ತಾರೆ. ಕೊಡಚಾದ್ರಿ ಜೀಪಿಗೆ ಕೊಡುವವರು ಇದಕ್ಕೂ ಕೊಡ್ತಾರೆ. ಬೇಕಾಗಿರುವುದು ದೊಡ್ಡ ಕಟ್ಟಡವಲ್ಲ, ಬಣ್ಣದ ದೀಪಗಳಂತೂ ಬೇಡವೇ ಬೇಡ. ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ಸರಿಯಾದ ಓದು, ಕೆಳದಿ ಮ್ಯೂಸಿಯಂನಂಥ ಕಡೆ ಒಂದಷ್ಟು ದಿನ ಕಲಿಕೆ, ಕೊರಳಿಗೆ ಒಂದು ಗುರುತಿನ ಚೀಟಿ, ನಿಗದಿಯಾದ ಸಂಭಾವನೆ. ಪುಕ್ಕಟೆ ಸೇವೆ ಅಂತ ಮಾತ್ರ ಮಾಡಿಸಬೇಡಿ. ಪುಕ್ಕಟೆ ಅಂದರೆ ಎರಡು ತಿಂಗಳಿಗೆ ನಿಲ್ಲುತ್ತದೆ. ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಲ್ಲೇ ಇದ್ದು ಊರಿನ ಕತೆ ಹೇಳಿ ಸಂಸಾರ ಮಾಡಬಹುದು ಅಂತ ಆದರೆ, ನಗರ ಒಂದೇ ಅಲ್ಲ, ಇಕ್ಕೇರಿ, ಕೆಳದಿ, ಕವಲೇದುರ್ಗ ಎಲ್ಲ ಕಡೆಯೂ ಇದು ನಡೆಯುತ್ತದೆ.

ಹೇಳುವವರು ಅಲ್ಲಿಯವರೇ ಆಗಿರಬೇಕು ಅಂತ ನನ್ನ ಹಟ. ಹುಲಿಕಲ್ ಕಡೆಯಿಂದ ನುಗ್ಗುವ ಮಳೆ ಅಂದರೆ ಏನು, ಚಕ್ರಾ, ಸಾವೆಹಕ್ಲು ಅಣೆಕಟ್ಟೆಗಳು ಬಂದ ಮೇಲೆ ಸುತ್ತಲಿನ ಬದುಕು ಹೇಗೆ ಬದಲಾಯಿತು ಅನ್ನೋದು ಹೊರಗಿನಿಂದ ಬಂದವರ ಬಾಯಲ್ಲಿ ಬರಲ್ಲ. ಮನೆಯ ಅಜ್ಜಿ ಹೇಳಿದ್ದನ್ನು ಅಜ್ಜಿ ಹೇಳಿದ್ದು ಅಂತಲೂ, ಶಾಸನದಲ್ಲಿ ಇರುವುದನ್ನು ಶಾಸನದ್ದು ಅಂತಲೂ ಬೇರೆ ಬೇರೆ ಮಾಡಿ ಹೇಳಲು ಕಲಿಸಬೇಕು. ಪಟ್ಟಣದ ಗೈಡ್ ಮಾಡಿದ್ದು ಅದನ್ನೇ.

ಮಳೆಗಾಲ ಮುಗಿದು ಇಂಬಳ ಕಡಿಮೆಯಾದ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ ನಗರದಲ್ಲಿ ಮೊದಲ ನಡಿಗೆ ಮಾಡೋಣ ಅಂತ ಮೇಷ್ಟ್ರು, ತುಮರಿ ಅಕ್ಕ, ನಾವೆಲ್ಲ ಮಾತಾಡಿಕೊಂಡಿದ್ದೇವೆ. ಮೇಷ್ಟ್ರು ಈಗಲೇ ಟಿಪ್ಪಣಿ ಬರೆಯಲು ಕೂತಿದ್ದಾರೆ. ನಗರದ ಡಿಗ್ರಿ ಓದುವ ಇಬ್ಬರು ಹುಡುಗಿಯರು ಅವರ ಹತ್ತಿರ ಕಲಿಯಲು ಒಪ್ಪಿದ್ದಾರೆ. ಬರುವವರು ಬೆಳಿಗ್ಗೆ ಬೇಗ ಕೋಟೆ ಬಾಗಿಲಿಗೆ ಬರಬೇಕು, ಗಟ್ಟಿ ಚಪ್ಪಲಿ ಹಾಕಿಕೊಳ್ಳಬೇಕು, ಮಧ್ಯಾಹ್ನದ ಬುತ್ತಿ ತರಬೇಕು. ಎಲ್ಲರೂ ಹಾಕಿದ ದುಡ್ಡು ಆ ಹುಡುಗಿಯರಿಗೆ ಹೋಗುತ್ತದೆ. ನಗರ, ನಿಟ್ಟೂರು, ಸಂಪೇಕಟ್ಟೆ ಕಡೆಯ ಹಿರಿಯರ ಹತ್ತಿರ ಹಳೆಯ ಕಾಗದ, ಕಡತ, ಪೇಟೆ ಬೀದಿಯ ನೆನಪು ಏನಿದ್ದರೂ ಅವರಿಗೆ ತೋರಿಸಿ, ಹೇಳಿ. ಮೇಷ್ಟ್ರ ಟಿಪ್ಪಣಿ ಮುಗಿಯುವುದರೊಳಗೆ ಸಿಕ್ಕಿದರೆ ತುಂಬಾ ಉಪಕಾರ.